ನೀರು ಬಿಟ್ಟವರು, ಮಾತ್ರೆ ಹಿಡಿದವರು

ದಾವಣಗೆರೆಯಲ್ಲಿ ಹಿರಿಯರಿಗೆ ಆಪ್ತಸಲಹೆ ನೀಡುವ ನನ್ನ ಬಳಿಗೆ ಗಂಡಸರು ತಾವಾಗಿ ಬರುವುದು ಅಪರೂಪ. ಹೆಂಡತಿಯೋ ಸೊಸೆಯೋ ಕರೆತರುತ್ತಾರೆ. ದೂರು ಹೆಚ್ಚುಕಡಿಮೆ ಒಂದೇ: ಮನೆ ಬಿಟ್ಟು ಕದಲುವುದಿಲ್ಲ, ಮಾತೆತ್ತಿದರೆ ಸಿಡುಕು. ಹಲವರಲ್ಲಿ ಈ ಸಿಡುಕಿನ ಬೇರು ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯಲ್ಲಿರುತ್ತದೆ; ಅದು ಬೆಳೆದರೆ ಮತ್ತೆ ಮತ್ತೆ ಮೂತ್ರಕ್ಕೆ ಏಳಬೇಕಾಗುತ್ತದೆ. ಗುರುತು ಸಿಗದಂತೆ ವಿವರ ಬದಲಿಸಿ ಒಂದು ಪ್ರಕರಣ ಹೇಳುತ್ತೇನೆ.

ಇವರಿಗೆ 67 ವರ್ಷ, ಹಿಂದೆ ಹತ್ತಿ ಗಿರಣಿಯಲ್ಲಿದ್ದವರು. ಕುಂದವಾಡ ಕೆರೆಯ ವಾಕಿಂಗ್ ಬಿಟ್ಟಿದ್ದರು, ಶಿವಮೊಗ್ಗದಲ್ಲಿ ನಡೆದ ಮೊಮ್ಮಗನ ನಾಮಕರಣಕ್ಕೂ ಹೋಗಿರಲಿಲ್ಲ. ಖಿನ್ನತೆಯಿರಬೇಕೆಂದು ಮನೆಯವರ ಅನುಮಾನ. ಮೊದಲ ಭೇಟಿಗಳಲ್ಲಿ ಅವರು ಬರೀ ಊಟದ ಮಾತಾಡಿದರು. ಬೆಣ್ಣೆ ದೋಸೆ ಬಿಟ್ಟೆ, ಮಂಡಕ್ಕಿ ಮಿರ್ಚಿ ಬಿಟ್ಟೆ, ದಿನಾ ಟೊಮೆಟೊ ರಸ. ‘ವಯಸ್ಸಾದಂತೆ ಮೈಯೊಳಗೆ ತುಕ್ಕು ಹಿಡಿಯುತ್ತದಂತೆ ಮೇಡಂ’ ಎಂದು ಕೈಚೀಲ ಬಿಚ್ಚಿದರು. ವಿಟಮಿನ್ ಇ, ಸೆಲೆನಿಯಂ ಎಂಬ ಖನಿಜದ ಮಾತ್ರೆ, ಹೆಸರೇ ಓದಲಾಗದ ಇನ್ನೆರಡು ಡಬ್ಬಿ. ಪಿಂಚಣಿಯ ದೊಡ್ಡ ಪಾಲು ಅದರಲ್ಲಿತ್ತು.

ಮುಂದಿನ ಭೇಟಿಯ ದಿನ ಬಿಸಿಲು ಜೋರಾಗಿತ್ತು. ಕೊಟ್ಟ ನೀರನ್ನು ಅವರು ಮುಟ್ಟಲಿಲ್ಲ. ‘ಇವರು ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆ. ಬಸ್ಸು ಹತ್ತುವ ದಿನವಂತೂ ಗುಟುಕೂ ಇಲ್ಲ’ ಎಂದರು ಹೆಂಡತಿ.

‘ಕುಡಿದರೆ ತಾನೇ ಎದ್ದುಹೋಗಬೇಕು?’ ಎಂದು ಇವರು ಗದರಿದರು.

ವೈದ್ಯರಿಗೆ ತೋರಿಸಿದಿರಾ ಎಂದು ಕೇಳಿದೆ. ಉತ್ತರ ಬರಲಿಲ್ಲ. ಆ ತಾಯಿ ಸೂಕ್ಷ್ಮ ತಿಳಿದವರು, ಫೋನ್ ನೆಪದಲ್ಲಿ ಹೊರಗೆ ಹೋದರು. ಆಗ ಇವರು ಬಾಯಿ ಬಿಟ್ಟರು: ‘ನಮ್ಮಣ್ಣನಿಗೂ ಹೀಗೇ ಶುರುವಾಗಿದ್ದು. ಆಸ್ಪತ್ರೆಗೆ ಹೋದ, ಪ್ರಾಸ್ಟೇಟ್ ಕ್ಯಾನ್ಸರ್ ಎಂದರು, ವರ್ಷ ತುಂಬಲಿಲ್ಲ. ನಾನು ಹೋಗದೆ ಇದ್ದರೆ ಹೇಗೋ ಇದರಲ್ಲೇ ದಾಟಿಕೊಳ್ಳುತ್ತೇನೆ.’ ‘ಇದರಲ್ಲೇ’ ಎನ್ನುವಾಗ ಕೈ ಚೀಲದ ಮೇಲಿತ್ತು.

ಒಡಹುಟ್ಟಿದವರಿಗೆ ಈ ಕ್ಯಾನ್ಸರ್ ಬಂದಿದ್ದರೆ ತಪಾಸಣೆ ಇನ್ನಷ್ಟು ಅಗತ್ಯ ಎಂದು ನೇರವಾಗಿಯೇ ಹೇಳಿದೆ. 60 ದಾಟಿದ ಅರ್ಧಕ್ಕಿಂತ ಹೆಚ್ಚು ಗಂಡಸರಲ್ಲಿ ಈ ಗ್ರಂಥಿ ಬೆಳೆದಿರುತ್ತದೆ, ಆ ಬೆಳವಣಿಗೆ ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ಬದಲಾಗುವುದೂ ಇಲ್ಲ ಎಂಬುದನ್ನೂ ಹೇಳಿದೆ. ಆದರೆ ಯಾವುದು ಯಾವುದೆಂದು ಮನೆಯಲ್ಲಿ ಕುಳಿತು ಗೊತ್ತಾಗುವುದಿಲ್ಲ. ವಾರದೊಳಗೆ ಮಗನನ್ನು ಕರೆದುಕೊಂಡು ಮೂತ್ರರೋಗ ತಜ್ಞರಲ್ಲಿಗೆ ಹೋಗಬೇಕು, ಚೀಲವನ್ನೂ ಒಯ್ಯಬೇಕು. ಹಗಲು ನೀರು ಕುಡಿಯಬೇಕು, ಕಡಿಮೆ ಮಾಡುವುದು ಮಲಗುವ ಮುಂಚಿನ ಎರಡು ಮೂರು ಗಂಟೆ ಮಾತ್ರ. ಸಂಜೆಯ ಕಾಫಿ ಬೇಡ. ನೆಗಡಿಗೆ ಅಂಗಡಿಯ ಮಾತ್ರೆ ನುಂಗುವ ಹಾಗಿಲ್ಲ, ಅವುಗಳಲ್ಲಿ ಕೆಲವು ಮೂತ್ರವನ್ನೇ ಕಟ್ಟಿಸುತ್ತವೆ.

ಮಾತ್ರೆಯ ವಿಚಾರ ಆಪ್ತಸಲಹೆಗಾರರಿಗೇಕೆ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ವೈದ್ಯರು ಬರೆದುಕೊಟ್ಟ ಯಾವುದನ್ನೂ ನಾನು ನಿಲ್ಲಿಸಲು ಹೇಳುವುದಿಲ್ಲ. ಭಯಕ್ಕೆ ಮುಸುಕು ಹಾಕಿದ್ದೇ ಆ ಡಬ್ಬಿಗಳಾಗಿರುವಾಗ ಅವುಗಳ ಮಾತೆತ್ತದೆ ಭಯದ ಮಾತು ಹೇಗೆ ಆಡುವುದು? ಅಮೆರಿಕದಲ್ಲಿ 2001ರಲ್ಲಿ ಶುರುವಾದ, 35 ಸಾವಿರಕ್ಕೂ ಹೆಚ್ಚು ಗಂಡಸರಿದ್ದ ಪ್ರಯೋಗದಲ್ಲಿ ವಿಟಮಿನ್ ಇ, ಸೆಲೆನಿಯಂ ಎರಡೂ ಪ್ರಾಸ್ಟೇಟ್ ಕ್ಯಾನ್ಸರ್ ತಡೆಯಲಿಲ್ಲ. 2011ರ ವರದಿಯಲ್ಲಿ, ವಿಟಮಿನ್ ಇ ಮಾತ್ರ ನುಂಗಿದವರಲ್ಲಿ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚೇ ಕಂಡಿತು. ಅವರು ಹೇಳಿದ ತುಕ್ಕು ಸುಳ್ಳಲ್ಲ. ಆಮ್ಲಜನಕ ಬಳಸುವ ಜೀವಕೋಶಗಳಲ್ಲಿ ಹಾನಿಕಾರಕ ಕಣಗಳು ಹುಟ್ಟುತ್ತಲೇ ಇರುತ್ತವೆ, ಧೂಮಪಾನ ಮತ್ತು ಬೊಜ್ಜು ಅವನ್ನು ಹೆಚ್ಚಿಸುತ್ತವೆ. ದೇಹಕ್ಕೆ ತನ್ನದೇ ತಡೆಯೂ ಇದೆ. ಆದರೆ ಡಬ್ಬಿಯಿಂದ ಸುರಿದರೆ ತಡೆ ಗಟ್ಟಿಯಾಗುತ್ತದೆಂಬುದು ಲಾಭವಿದ್ದವರ ಲೆಕ್ಕ. ಸೊಪ್ಪು, ಕಾಳು, ಎಣ್ಣೆಯಲ್ಲಿ ಬೇಯಿಸಿದ ಟೊಮೆಟೊ, ನಡಿಗೆ ಇವೆಲ್ಲ ಇರಲಿ. ಹೃದಯಕ್ಕೆ ಖಂಡಿತ ಒಳ್ಳೆಯದು. ಅಪರೂಪಕ್ಕೊಂದು ಬೆಣ್ಣೆ ದೋಸೆಗೆ ನನ್ನ ತಕರಾರಿಲ್ಲ.

ತಪಾಸಣೆಯಲ್ಲಿ ಗ್ರಂಥಿ ದೊಡ್ಡದಾಗಿರುವುದು ಕಂಡಿತು, ಸದ್ಯಕ್ಕೆ ಕ್ಯಾನ್ಸರ್‌ನ ಸೂಚನೆಯಿಲ್ಲ. ಔಷಧಿ ಶುರುವಾಗಿದೆ. ಅಣ್ಣನ ಕಾರಣಕ್ಕೆ, ಪ್ರಾಸ್ಟೇಟ್ ಕ್ಯಾನ್ಸರ್‌ನ ಸುಳಿವು ನೀಡಬಲ್ಲ ಪಿಎಸ್‌ಎ ರಕ್ತಪರೀಕ್ಷೆಯನ್ನು ಮತ್ತೆ ಮಾಡಿಸಲು ಹೇಳಿದ್ದಾರೆ. ಶಿವಮೊಗ್ಗಕ್ಕೂ ಹೋಗಿಬಂದರು. ಉಳಿದ ಡಬ್ಬಿಗಳೇನಾದವು ಎಂದು ಕೇಳಿದರೆ, ದುಡ್ಡು ಕೊಟ್ಟದ್ದು ಹಾಳಾಗಬಾರದೆಂದು ಅಲ್ಲಿ ಬೀಗರಿಗೆ ಕೊಟ್ಟರಂತೆ. ಬೀಗರಿಗೆ 70, ಅವರೂ ರಾತ್ರಿ ಮೂರು ಸಲ ಏಳುತ್ತಾರಂತೆ. ಅವರನ್ನೂ ವೈದ್ಯರಿಗೆ ತೋರಿಸಲು ಹೇಳಿದ್ದೇನೆ, ಡಬ್ಬಿಗಳ ಸಮೇತ.