ಲೆಪರ್ಡ್ಸ್‌ಟೌನ್ ವೀಕೆಂಡ್ ನೋಡಿ ಚೆಲ್ಟನ್‌ಹ್ಯಾಮ್‌ಗೆ ಪಟ್ಟಿ ಮಾಡುವವರಿಗೆ

ಸರ್, ನಿಮ್ಮ ಪೋಸ್ಟ್ ಪೂರ್ತಿ ಓದಿದೆ. ಐರ್ಲೆಂಡಿನ ಲೆಪರ್ಡ್ಸ್‌ಟೌನ್‌ನಲ್ಲಿ ಕುದುರೆಗಳು ಅಡೆತಡೆ ಹಾರಿ ಓಡುವ ಎರಡು ದಿನದ ರೇಸ್ ನೋಡಿ, ಇಂಗ್ಲೆಂಡಿನಲ್ಲಿ ನಡೆಯುವ ಮಾರ್ಚ್ ತಿಂಗಳ ಚೆಲ್ಟನ್‌ಹ್ಯಾಮ್‌ಗೆ ಈಗಲೇ ಪಟ್ಟಿ ಮಾಡಿಟ್ಟಿದ್ದೀರಿ. ಗೆದ್ದವು ಮೇಲೆ, ಮೂರು ನಾಲ್ಕನೇದಾಗಿ ಬಂದವು ಕೆಳಗೆ, ಬಿದ್ದವಕ್ಕೆ ಕೆಂಪು ಗೀಟು. ಈ ಕಡೆಗೆ ಬಂದ ಹೊಸದರಲ್ಲಿ ನಾನೂ ಹೀಗೇ ಗೀಟು ಎಳೆಯುತ್ತಿದ್ದೆ. ಅದಕ್ಕೇ ನೋಡಿಯೂ ನೋಡದ ಹಾಗೆ ಮುಂದೆ ಹೋಗೋಕೆ ಮನಸ್ಸಾಗಲಿಲ್ಲ. ಮೊದಲು ಆ ಕೆಂಪು ಗೀಟು ಅಳಿಸಿ.

2025ರ ಫೆಬ್ರವರಿಯ ಇದೇ ವೀಕೆಂಡಿನ ರಿಪ್ಲೇ ಹಾಕಿಕೊಂಡು ಕೂತುಕೊಳ್ಳಿ. ಶನಿವಾರದ ಐರಿಷ್ ಗೋಲ್ಡ್ ಕಪ್ ಸಾಕು. ಗೆದ್ದದ್ದು ಗಲೊಪ್ಯಾಂ ದೆ ಶಾಂ, ಸತತ ಮೂರನೇ ವರ್ಷ. ಎರಡನೆಯದು ಗ್ರೇಂಜ್‌ಕ್ಲೇರ್ ವೆಸ್ಟ್, ಮೂರನೆಯದು ಫ್ಯಾಕ್ಟ್ ಟು ಫೈಲ್, ನಾಲ್ಕನೆಯದು ಐನೋದವೇಯರ್‌ಥಿಂಕಿನ್. ನಿಮ್ಮ ಲೆಕ್ಕದಲ್ಲಿ ಹೋದರೆ ಮೊದಲನೆಯದಕ್ಕೆ ಟಿಕ್, ನಾಲ್ಕನೆಯದು ಪಟ್ಟಿಯಿಂದಲೇ ಹೊರಗೆ. ಮುಂದೆ ಆಗಿದ್ದೇನು? ಆ ನಾಲ್ಕನೆಯದನ್ನೇ 25,000 ಪೌಂಡ್ ಸಪ್ಲಿಮೆಂಟರಿ ಶುಲ್ಕ (ತಡವಾಗಿ ಹೆಸರು ಸೇರಿಸುವ ಶುಲ್ಕ) ಕಟ್ಟಿ ಚೆಲ್ಟನ್‌ಹ್ಯಾಮ್ ಗೋಲ್ಡ್ ಕಪ್‌ಗೆ ಸೇರಿಸಿದರು. ಅದು ಗಲೊಪ್ಯಾಂ ದೆ ಶಾಂ ಅನ್ನು ಆರು ಲೆಂಗ್ತ್ (ಒಂದು ಲೆಂಗ್ತ್ ಅಂದರೆ ಒಂದು ಕುದುರೆಯ ಉದ್ದ) ಹಿಂದೆ ಬಿಟ್ಟು ಗೆದ್ದಿತು. ಮೂರನೆಯದು ದೂರ ಕಡಿಮೆ ಮಾಡಿಕೊಂಡು ಚೆಲ್ಟನ್‌ಹ್ಯಾಮ್‌ನದೇ ರಯಾನ್‌ಏರ್ ಚೇಸ್‌ಗೆ ಹೋಯಿತು. ಎರಡೂವರೆ ಮೈಲಿ ಚಿಲ್ಲರೆ. ಅಲ್ಲಿ ಎದುರಾಳಿಗಳೇ ಇಲ್ಲವೇನೋ ಅನ್ನುವ ಹಾಗೆ ಗೆದ್ದಿತು. ಎರಡನೆಯದು ಏಪ್ರಿಲ್‌ನಲ್ಲಿ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಮೂರನೇ ಸ್ಥಾನ ಪಡೆಯಿತು. ಒಂದೇ ರೇಸ್, ನಾಲ್ಕು ಕುದುರೆ. ಸೋತ ಮೂರಕ್ಕೂ ಸೋಲಿನ ಕಾರಣ ಬೇರೆ ಬೇರೆ, ಮುಂದಿನ ದಾರಿಯೂ ಬೇರೆ ಬೇರೆ.

ಇದು ಅದೃಷ್ಟ ಅಂತ ತಳ್ಳಿಹಾಕಬೇಡಿ. ಐನೋದವೇಯರ್‌ಥಿಂಕಿನ್ ಹಿಂದಿನ ವರ್ಷ ಚೆಲ್ಟನ್‌ಹ್ಯಾಮ್‌ನಲ್ಲಿ ಕಿಮ್ ಮ್ಯೂರ್ ಗೆದ್ದ ಕುದುರೆ. ಅದು 3 ಮೈಲಿ 2 ಫರ್ಲಾಂಗ್ ರೇಸ್. ಲೆಪರ್ಡ್ಸ್‌ಟೌನ್‌ನ 3 ಮೈಲಿ ಅದಕ್ಕೆ ಸಾಲಲಿಲ್ಲ. ಮಿಕ್ಕವು ವೇಗ ಹೆಚ್ಚಿಸಿದಾಗ ಹಿಂದೆ ಬಿತ್ತು, ಆಮೇಲೆ ಅವು ದಣಿಯುವ ಹೊತ್ತಿಗೆ ಇದು ಓಡಿಕೊಂಡು ಬಂತು. ಗೋಲ್ಡ್ ಕಪ್ 3 ಮೈಲಿ ಎರಡೂವರೆ ಫರ್ಲಾಂಗ್, 22 ಫೆನ್ಸ್ (ಹಾರಬೇಕಾದ ಎತ್ತರದ ಬೇಲಿ), ಕೊನೆಯಲ್ಲಿ ಆ ಏರು. ಇಷ್ಟು ಗೊತ್ತಿದ್ದವರಿಗೆ ನಾಲ್ಕನೇ ಸ್ಥಾನ ಕೆಟ್ಟ ಸುದ್ದಿ ಅಲ್ಲವೇ ಅಲ್ಲ.

ಈಗ ಬಿದ್ದವುಗಳ ವಿಷಯ. ಮಾರನೇ ದಿನ ಭಾನುವಾರದ ಐರಿಷ್ ಚಾಂಪಿಯನ್ ಹರ್ಡಲ್ ಹಾಕಿ ನೋಡಿ. ಹರ್ಡಲ್ ಅಂದರೆ ಫೆನ್ಸಿಗಿಂತ ಚಿಕ್ಕ ತಡೆ. ಲಾಸಿಮೌತ್ ಬಿತ್ತು, ಸ್ಟೇಟ್ ಮ್ಯಾನ್ ಗೆದ್ದಿತು. ಐದು ವಾರ ಕಳೆದ ಮೇಲೆ ಚೆಲ್ಟನ್‌ಹ್ಯಾಮ್‌ನ ಮಂಗಳವಾರ ಲಾಸಿಮೌತ್ ಮೇರ್ಸ್ ಹರ್ಡಲ್ (ಹೆಣ್ಣು ಕುದುರೆಗಳ ರೇಸ್) ಆರಾಮಾಗಿ ಗೆದ್ದಿತು. ಅದೇ ದಿನ ಚಾಂಪಿಯನ್ ಹರ್ಡಲ್‌ನಲ್ಲಿ ಸ್ಟೇಟ್ ಮ್ಯಾನ್ ಮುಂದಿದ್ದು, ಕೊನೆಯ ಹರ್ಡಲ್‌ನಲ್ಲಿ ಬಿತ್ತು. ಅದಕ್ಕೂ ಮುಂಚೆ ಕಾನ್‌ಸ್ಟಿಟ್ಯೂಷನ್ ಹಿಲ್ ಬಿದ್ದಾಗಿತ್ತು. ಗೆದ್ದದ್ದು 25ಕ್ಕೆ 1ರ ದರದಲ್ಲಿದ್ದ, ಯಾರೂ ಅಷ್ಟಾಗಿ ನಂಬದ ಗೋಲ್ಡನ್ ಏಸ್. ಫೆಬ್ರವರಿಯಲ್ಲಿ ಬಿದ್ದದ್ದಕ್ಕೆ ಗೀಟು ಹಾಕಿ, ಗೆದ್ದದ್ದನ್ನು ನಂಬಿಕೊಂಡವರಿಗೆ ಎರಡೂ ಕಡೆ ಹೊಡೆತ. ಗಲೊಪ್ಯಾಂ ದೆ ಶಾಂ ಕೂಡ 2022ರ ಚೆಲ್ಟನ್‌ಹ್ಯಾಮ್‌ನಲ್ಲಿ ಎಲ್ಲರಿಗಿಂತ ಎಷ್ಟೋ ಮುಂದಿದ್ದು ಕೊನೆಯ ಫೆನ್ಸ್‌ನಲ್ಲೇ ಬಿದ್ದದ್ದು. ಆಮೇಲೆ 2023, 2024 ಎರಡೂ ಗೋಲ್ಡ್ ಕಪ್ ಅದರದ್ದೇ.

ಹಾಗಂತ ಬಿದ್ದದ್ದನ್ನೆಲ್ಲ ಮಾಫಿ ಮಾಡಿಬಿಡಿ ಅಂತ ನಾನು ಹೇಳ್ತಿಲ್ಲ. ಕಾನ್‌ಸ್ಟಿಟ್ಯೂಷನ್ ಹಿಲ್ ಚೆಲ್ಟನ್‌ಹ್ಯಾಮ್‌ನಲ್ಲಿ ಬಿದ್ದ ಮೇಲೆ ಗ್ರ್ಯಾಂಡ್ ನ್ಯಾಷನಲ್ ನಡೆಯುವ ಏಂಟ್ರಿ ಟ್ರ್ಯಾಕ್‌ನಲ್ಲೂ ಬಿತ್ತು. ಒಂದು ಸಲ ಬಿದ್ದರೆ ಆಕಸ್ಮಿಕ, ಎರಡನೇ ಸಲಕ್ಕೆ ಪ್ರಶ್ನೆ ಕೇಳಲೇಬೇಕು. ಆ ಪ್ರಶ್ನೆಗೆ ಉತ್ತರ ರಿಸಲ್ಟ್ ಶೀಟಿನಲ್ಲಿ ಸಿಗಲ್ಲ, ರಿಪ್ಲೇಯಲ್ಲಿ ಸಿಗುತ್ತದೆ.

ರಿಪ್ಲೇ ನೋಡೋಕೆ ನನ್ನದೊಂದು ಪದ್ಧತಿ ಇದೆ. ಮೊದಲ ಕೆಲಸ, ಸೌಂಡ್ ಬಂದ್ ಮಾಡಿ. ಕಾಮೆಂಟ್ರಿ ಕೇಳಿಸಿದರೆ ನಿಮ್ಮ ಕಣ್ಣು ಕಾಮೆಂಟೇಟರ್ ಹೇಳಿದ ಕಡೆಗೇ ಹೋಗುತ್ತದೆ. ಒಂದು ಸಲಕ್ಕೆ ಒಂದೇ ಕುದುರೆ ನೋಡಿ. ಗೆದ್ದದ್ದನ್ನು ಕೊನೆಗೆ ಇಟ್ಟುಕೊಳ್ಳಿ, ಮೂರು ನಾಲ್ಕು ಐದನೇದಾಗಿ ಬಂದವು ಮೊದಲು. ಪ್ರತಿ ಫೆನ್ಸಿಗೂ ಮೂರು ಹೆಜ್ಜೆ ಮುಂಚೆ ವೇಗ ಕಡಿಮೆ ಮಾಡಿ ನೋಡಿ. ಕುದುರೆಯ ಕಿವಿ ಮುಂದಕ್ಕೆ ನಿಮಿರಿದೆಯಾ? ಹೆಜ್ಜೆ ತಾನೇ ಹೊಂದಿಸಿಕೊಂಡಿತಾ, ಇಲ್ಲ ಜಾಕಿ ಲಗಾಮು ಜಗ್ಗಿ ಹೊಂದಿಸಿದನಾ? ಒಳ್ಳೆಯ ಕುದುರೆ ದೂರ ಇದ್ದರೆ ಉದ್ದಕ್ಕೆ ಹಾರುತ್ತದೆ, ತೀರಾ ಹತ್ತಿರ ಬಂದುಬಿಟ್ಟರೆ ಒಂದು ಪುಟ್ಟ ಹೆಜ್ಜೆ ಸೇರಿಸಿ ಮೇಲಕ್ಕೆ ಎದ್ದು ಹೋಗುತ್ತದೆ. ಅನುಮಾನ ಇರುವ ಕುದುರೆಗೆ ಈ ಎರಡರಲ್ಲಿ ಒಂದೇ ಬರುತ್ತದೆ. ಹಿಂಗಾಲು ಫೆನ್ಸಿಗೆ ತುಂಬಿರುವ ಬರ್ಚ್ ಮರದ ಕಡ್ಡಿಗೆ ತಾಗಿ ಚೂರು ಹಾರುತ್ತಿದ್ದರೆ ಬರೆದಿಟ್ಟುಕೊಳ್ಳಿ. ಇಳಿಯುವಾಗ ಮುಂಗಾಲು ಮಡಿಸಿ ಮೂಗು ನೆಲಕ್ಕೆ ಬಂದಾಗ ಜಾಕಿ ಏನು ಮಾಡಿದ? ಒಳ್ಳೆಯ ಜಾಕಿ ಆ ಕ್ಷಣದಲ್ಲಿ ಹಿಂದಕ್ಕೆ ವಾಲಿ, ಲಗಾಮನ್ನು ಬೆರಳ ನಡುವೆ ಜಾರಲು ಬಿಟ್ಟು, ಕುದುರೆಗೆ ಕತ್ತು ಚಾಚಲು ಜಾಗ ಕೊಡುತ್ತಾನೆ. ಆ ಒಂದು ಚಲನೆಗಾಗಿ ನಾನು ಒಂದೇ ಫೆನ್ಸನ್ನು ಎಷ್ಟೋ ಸಲ ತಿರುಗಿಸಿ ನೋಡಿದ್ದುಂಟು.

ಇಷ್ಟಾದ ಮೇಲೆ ಮುಖ್ಯವಾದದ್ದು: ಇಳಿದ ನಂತರ ಎಷ್ಟು ಹೆಜ್ಜೆಗೆ ಮತ್ತೆ ಓಟ ಹಿಡಿಯಿತು? ಜನ ಹಾರುವುದನ್ನು ನೋಡ್ತಾರೆ, ಇಳಿದ ಮೇಲೆ ನೋಡೋದು ಬಿಟ್ಟುಬಿಡ್ತಾರೆ. ಗಾಳಿಯಲ್ಲಿ ಚೆನ್ನಾಗಿ ಕಂಡು, ಇಳಿದಾಗ ಗಕ್ಕನೆ ನಿಂತಂತಾಗುವ ಕುದುರೆ ಒಂದೊಂದು ಫೆನ್ಸಿಗೂ ಅರ್ಧ ಲೆಂಗ್ತ್ ಕಳೆದುಕೊಳ್ಳುತ್ತದೆ. 17 ಫೆನ್ಸಿಗೆ ಲೆಕ್ಕ ಹಾಕಿ. ತಗ್ಗಾಗಿ, ಚುರುಕಾಗಿ ದಾಟಿ ಹೋಗುವ ಕುದುರೆ ಫೋಟೋದಲ್ಲಿ ಚೆಂದ ಕಾಣಲ್ಲ, ಆದರೆ ರೇಸ್ ಗೆಲ್ಲುವುದು ಅದೇ.

ಎಡಕ್ಕೆ ಹಾರುತ್ತಾ, ಬಲಕ್ಕೆ ಹಾರುತ್ತಾ ಅನ್ನೋದನ್ನೂ ಬರೆಯಿರಿ. ಲೆಪರ್ಡ್ಸ್‌ಟೌನ್, ಚೆಲ್ಟನ್‌ಹ್ಯಾಮ್, ಏಂಟ್ರಿ ಮೂರೂ ಎಡ ತಿರುವಿನ ಟ್ರ್ಯಾಕ್. ಬಲಕ್ಕೆ ವಾಲಿ ಹಾರುವ ಕುದುರೆ ಇಲ್ಲೆಲ್ಲ ಸುಮ್ನೆ ಜಾಸ್ತಿ ದೂರ ಓಡುತ್ತದೆ. ಅದನ್ನೇ ಬಲ ತಿರುವಿನ ಕೆಂಪ್ಟನ್‌ಗೋ ಪಂಚೆಸ್‌ಟೌನ್‌ಗೋ ಕರೆದುಕೊಂಡು ಹೋದರೆ ಬೇರೆಯದೇ ಕುದುರೆ. ಡೆಸರ್ಟ್ ಆರ್ಕಿಡ್ ಕೆಂಪ್ಟನ್‌ನಲ್ಲಿ ನಾಲ್ಕು ಸಲ ಕಿಂಗ್ ಜಾರ್ಜ್ ರೇಸ್ ಗೆದ್ದ, ಬಲ ತಿರುವಿಗೆ ಒಗ್ಗಿದ ಕುದುರೆ. 1989ರಲ್ಲಿ ಕೆಸರು ತುಂಬಿದ ಚೆಲ್ಟನ್‌ಹ್ಯಾಮ್‌ನಲ್ಲಿ ಎಡಕ್ಕೆ ಓಡಿ ಗೋಲ್ಡ್ ಕಪ್ ಗೆದ್ದದ್ದನ್ನು ಇವತ್ತಿಗೂ ಜನ ನೆನೆಯುವುದು ಅದಕ್ಕೇ. ಅಂಥ ಕುದುರೆ ಎಲ್ಲೋ ಒಂದು. ನಿಯಮ ನಿಯಮವೇ.

ಆದರೆ ಈ ಪದ್ಧತಿಯನ್ನೂ ಕಣ್ಣು ಮುಚ್ಚಿ ನಂಬಬೇಡಿ. ಕಾಟೊ ಸ್ಟಾರ್ 2006-07ರ ಸೀಸನ್ನಿನಲ್ಲಿ ಕೊನೆಯ ಫೆನ್ಸನ್ನು ಮತ್ತೆ ಮತ್ತೆ ಗುದ್ದಿಕೊಂಡೇ ಕಿಂಗ್ ಜಾರ್ಜ್ ಗೆದ್ದಿತು, ಗೋಲ್ಡ್ ಕಪ್ಪೂ ಗೆದ್ದಿತು. ಅಷ್ಟು ವೇಗ ಇರುವ ಕುದುರೆಗೆ ಒಂದು ತಪ್ಪು ತಡೆದುಕೊಳ್ಳುವ ಶಕ್ತಿ ಇರುತ್ತದೆ.

ಇನ್ನೊಂದು. ಫಾರ್ಮ್, ಅಂದರೆ ಕುದುರೆಯ ಹಿಂದಿನ ಓಟಗಳ ದಾಖಲೆ ಓದುವಾಗ ಎಫ್, ಯು, ಬಿ, ಪಿ ನಾಲ್ಕನ್ನೂ ನೀವು ಒಂದೇ ಗೀಟಿನಲ್ಲಿ ಹೊಡೆದಿದ್ದೀರಿ. ಎಫ್ ಅಂದರೆ ಕುದುರೆಯೇ ಬಿದ್ದದ್ದು. ಬಿ ಇದ್ದರೆ ಬೇರೆ ಕುದುರೆ ಬಿದ್ದು ಇದನ್ನು ಕೆಡವಿದ್ದು, ಇದರ ತಪ್ಪೇನೂ ಇಲ್ಲ. ಯು ಇದ್ದರೆ ಕುದುರೆ ನಿಂತೇ ಇತ್ತು, ಜಾಕಿ ಕೆಳಗೆ ಬಂದ. ಪಿ, ಅಂದರೆ ಜಾಕಿ ನಡುವೆಯೇ ಓಟ ನಿಲ್ಲಿಸಿದ್ದು, ಅದರ ಬಗ್ಗೆ ಮಾತ್ರ ಸ್ವಲ್ಪ ಗಟ್ಟಿಯಾಗಿಯೇ ಹೇಳ್ತೀನಿ. ನಿಮ್ಮ ಪೋಸ್ಟ್ ಕೆಳಗೆ ಒಬ್ಬರು, ಕೊನೆಯ ಎರಡು ಫೆನ್ಸ್ ಇರುವಾಗ ಕುದುರೆ ನಿಲ್ಲಿಸಿದ ಜಾಕಿಗೆ ಬೈದು ಬರೆದಿದ್ದಾರೆ. ದುಡ್ಡು ಹೋಯಿತು ಅಂತ ಸಿಟ್ಟು. ದಯವಿಟ್ಟು ಆ ಮಾತು ವಾಪಸ್ ತಗೊಳ್ಳಿ. ದಣಿದು ಕಾಲು ಎಳೆಯುತ್ತಿರುವ ಕುದುರೆಯನ್ನು ಇನ್ನೊಂದು ಫೆನ್ಸಿಗೆ ನುಗ್ಗಿಸಿದರೆ ಆಗುವ ಬೀಳುವಿಕೆಯೇ ಎಲ್ಲಕ್ಕಿಂತ ಕೆಟ್ಟದ್ದು. 2025ರ ಫೆಬ್ರವರಿಯಲ್ಲೇ, ನಾನು ಮೇಲೆ ಹೇಳಿದ ವೀಕೆಂಡ್ ಮುಗಿದು ವಾರವೂ ಆಗಿರಲಿಲ್ಲ, ಐರ್ಲೆಂಡಿನ ಥರ್ಲ್ಸ್‌ನಲ್ಲಿ ಜಾಕಿ ಮೈಕಲ್ ಓಸಲಿವನ್ ಬಿದ್ದರು. ಕೆಲವು ದಿನಗಳಲ್ಲಿ ತೀರಿಕೊಂಡರು. 24 ವರ್ಷ. 2023ರಲ್ಲಿ ಮರೀನ್ ನಾಸಿಯೊನಾಲ್ ಅನ್ನುವ ಕುದುರೆ ಮೇಲೆ ಚೆಲ್ಟನ್‌ಹ್ಯಾಮ್‌ನ ಸುಪ್ರೀಂ ರೇಸ್ ಗೆದ್ದ ಹುಡುಗ. ಆ ಕುದುರೆ 2025ರ ಚಾಂಪಿಯನ್ ಚೇಸ್ ಗೆದ್ದಾಗ ಚೆಲ್ಟನ್‌ಹ್ಯಾಮ್‌ನಲ್ಲಿ ಕಣ್ಣೀರು ಹಾಕದವರು ಕಡಿಮೆ. ಜಾಕಿಗಳಿಗೆ ಬೈಯುವ ಮೊದಲು ಇದು ನೆನಪಿರಲಿ. ಕುದುರೆ ನಿಲ್ಲಿಸಿದ ಜಾಕಿ ನನ್ನ ಲೆಕ್ಕದಲ್ಲಿ ತನ್ನ ಕೆಲಸ ಬಲ್ಲವನು. ಅಂಥ ಪಿ ಇರುವ ಕುದುರೆ ಮುಂದಿನ ಸಲ ಚೆನ್ನಾಗಿ ಓಡುವ ಸಾಧ್ಯತೆಯೂ ಇರುತ್ತದೆ, ಪೂರ್ತಿ ಸುಸ್ತಾಗಿರುವುದಿಲ್ಲವಲ್ಲ.

ನೀವು ಬೆಂಗಳೂರು ಟರ್ಫ್ ಕ್ಲಬ್‌ನಲ್ಲಿ ರೇಸ್ ನೋಡಿ ಬೆಳೆದವರು ಅಂತ ಬರೆದಿದ್ದೀರಿ. ಬಹುಶಃ ತೊಂದರೆ ಬಂದದ್ದು ಅಲ್ಲಿಂದಲೇ. 1,200 ಮೀಟರ್ ರೇಸ್ ಒಂದು ನಿಮಿಷ ಚಿಲ್ಲರೆಗೆ ಮುಗಿಯುತ್ತದೆ. ಅಲ್ಲಿ ಐದು ಲೆಂಗ್ತ್ ಅಂದರೆ ನಿಜವಾಗಿ ಐದು ಲೆಂಗ್ತ್. ಇಲ್ಲಿ ಆರು ನಿಮಿಷಕ್ಕಿಂತ ಜಾಸ್ತಿ ಓಡಿ, ಕೆಸರಿನಲ್ಲಿ ಕೊನೆಯ ಫೆನ್ಸ್ ದಾಟಿದ ಮೇಲೆ ಹಿಂದಿನ ಕುದುರೆ ಸೋಲೊಪ್ಪಿ ನಡೆದೇ ಬಂದಿರುತ್ತದೆ. 15 ಲೆಂಗ್ತ್ ಗೆಲುವು ಪೇಪರ್‌ನಲ್ಲಿ ದೊಡ್ಡದಾಗಿ ಕಾಣುತ್ತದೆ, ಅಷ್ಟೇ. ಕೊನೆಯ ಎರಡನೇ ಫೆನ್ಸಿನ ಹತ್ತಿರ ಅಂತರ ಎಷ್ಟಿತ್ತು ಅಂತ ನೋಡಿ, ಅದೇ ನಿಜವಾದ ಅಳತೆ.

ಟೈಮ್ ಹೋಲಿಸುವುದಕ್ಕೂ ಅವಸರ ಬೇಡ. ಚಳಿಗಾಲದ ಮಧ್ಯಾಹ್ನ ಸೂರ್ಯ ತೀರಾ ಕೆಳಗಿರುತ್ತಾನೆ. ಬಿಸಿಲು ನೇರ ಕಣ್ಣಿಗೆ ಹೊಡೆದರೆ ಆ ಫೆನ್ಸನ್ನು ಬಿಟ್ಟು ಪಕ್ಕದಿಂದ ಓಡಿಸುತ್ತಾರೆ. ಎರಡು ಫೆನ್ಸ್ ಕಡಿಮೆಯಾದ ರೇಸಿನ ಟೈಮ್ ತಗೊಂಡು ಏನು ಮಾಡ್ತೀರಿ? ಹಾಗೇ, ಹಾರುವುದು ಚೆನ್ನಾಗಿ ಬಾರದ ಕುದುರೆ ಆ ದಿನ ಬಚಾವಾಗಿರುತ್ತದೆ. ಬ್ರಿಟನ್‌ನಲ್ಲಿ ಹರ್ಡಲ್, ಫೆನ್ಸ್‌ಗಳ ಮೇಲಿದ್ದ ಕಿತ್ತಳೆ ಬಣ್ಣ ತೆಗೆದು ಬಿಳಿ ಮಾಡಿದ್ದು ಕೂಡ ಈ ಕಣ್ಣಿನ ವಿಷಯಕ್ಕೇ. ನಮಗೆ ಎದ್ದು ಕಾಣುವ ಕಿತ್ತಳೆ ಕುದುರೆಯ ಕಣ್ಣಿಗೆ ಹುಲ್ಲಿನ ಬಣ್ಣದಲ್ಲಿ ಕರಗಿಹೋಗುತ್ತದೆ.

ಗೋಯಿಂಗ್, ಅಂದರೆ ನೆಲ ಎಷ್ಟು ಮೆತ್ತಗಿದೆ ಅನ್ನೋದರ ಬಗ್ಗೆ ಬಹಳ ಹೇಳಲ್ಲ. ಐರ್ಲೆಂಡಿನವರು ಯೀಲ್ಡಿಂಗ್ ಅನ್ನುವುದು ಇಂಗ್ಲೆಂಡಿನ ಗುಡ್ ಟು ಸಾಫ್ಟ್‌ಗೆ ಹತ್ತಿರ. ಲೆಪರ್ಡ್ಸ್‌ಟೌನ್‌ನಲ್ಲಿ ಚೇಸ್ ಟ್ರ್ಯಾಕ್, ಹರ್ಡಲ್ ಟ್ರ್ಯಾಕ್ ಎರಡಕ್ಕೂ ಬೇರೆ ಬೇರೆ ಗೋಯಿಂಗ್ ಹೇಳ್ತಾರೆ, ಎರಡನ್ನೂ ಓದಿ. ಮೇರ್‌ಗಳಿಗೆ ಹೊರುವ ತೂಕದಲ್ಲಿ ಸಿಗುವ 7 ಪೌಂಡ್ ರಿಯಾಯಿತಿಯನ್ನೂ ನಿಮ್ಮ ಪಟ್ಟಿಯಲ್ಲಿ ಲೆಕ್ಕಕ್ಕೆ ತಗೊಂಡಿಲ್ಲ. ಚೆಲ್ಟನ್‌ಹ್ಯಾಮ್ ಅಂತ ಒಂದೇ ಕಾಲಂ ಹಾಕಿದ್ದೀರಿ, ಅದೂ ಸಾಲದು. ಅಲ್ಲಿ ಎರಡು ಟ್ರ್ಯಾಕ್ ಇವೆ. ಮಂಗಳ, ಬುಧ ಓಲ್ಡ್ ಕೋರ್ಸ್. ಗುರು, ಶುಕ್ರ ನ್ಯೂ ಕೋರ್ಸ್. ನ್ಯೂ ಕೋರ್ಸ್‌ನಲ್ಲಿ ಕೊನೆಯ ಹರ್ಡಲ್‌ಗಳ ನಡುವೆ ಉದ್ದ ಓಟ ಇದೆ, ದಮ್ಮು ಇರುವ ಕುದುರೆಗೇ ಲಾಭ. ಕಾಲಂ ಎರಡು ಮಾಡಿ.

ಯಾವ ಆ್ಯಪ್, ಯಾವ ಚಾನೆಲ್ ಅಂತ ಕೇಳಿದ್ದಿರಿ. ರಿಪ್ಲೇಗೆ ರೇಸಿಂಗ್ ಟಿವಿ, ಐರಿಷ್ ಟ್ರ್ಯಾಕ್‌ಗಳು ಅಲ್ಲೇ ಸಿಗುತ್ತವೆ. ಓದೋಕೆ ರೇಸಿಂಗ್ ಪೋಸ್ಟ್. ಅದರಲ್ಲೂ ಪ್ರತಿ ಕುದುರೆಯ ಓಟದ ಬಗ್ಗೆ ಬರೆಯುವ ಆ ಒಂದೆರಡು ಸಾಲು ನನಗೆ ರೇಟಿಂಗ್‌ಗಿಂತ ಮುಖ್ಯ. ಕುದುರೆಗಳಿಗೆ ಅಂಕ ಕೊಡುವ ಟೈಮ್‌ಫಾರ್ಮ್ ಸಂಸ್ಥೆಯ ರೇಟಿಂಗ್ ಪಕ್ಕದಲ್ಲಿ ಸಣ್ಣ ಪಿ ಇದ್ದರೆ ಆ ಕುದುರೆ ಇನ್ನೂ ಸುಧಾರಿಸಬಹುದು ಅಂತ ಅರ್ಥ, ಫಾರ್ಮಿನ ದೊಡ್ಡ ಪಿ ಜೊತೆ ಬೆರೆಸಬೇಡಿ. ವಾಟ್ಸ್ಆ್ಯಪ್‌ನಲ್ಲಿ ದುಡ್ಡು ತಗೊಂಡು ಟಿಪ್ ಕೊಡುವ ಗುಂಪುಗಳಿಂದ ಈಗಲೇ ಹೊರಗೆ ಬನ್ನಿ. ಬೆಟ್ಟಿಂಗ್ ಬಗ್ಗೆ ನಾನು ಯಾರಿಗೂ ಸಲಹೆ ಕೊಡಲ್ಲ, ಈ ಗುಂಪಿನಲ್ಲಿ ಅದು ಬೇಡ ಅಂತಲೇ ನನ್ನ ಅಭಿಪ್ರಾಯ.

ಬೈನಾಕ್ಯುಲರ್ 10×50 ತಗೊಳ್ತೀನಿ ಅಂದಿದ್ದೀರಿ. ಬೇಡ. ಭಾರ, ಜೊತೆಗೆ ಚಳಿಗೆ ಕೈ ನಡುಗಿದರೆ ಏನೂ ಕಾಣಲ್ಲ. 8×42 ಸಾಕು. ನಿಕಾನ್‌ನ ಸಾಧಾರಣ ಮಾಡೆಲ್ಲೇ ಮಳೆಯಲ್ಲೂ ಚೆನ್ನಾಗಿ ನಡೆಯುತ್ತದೆ. ದುಬಾರಿ ಜರ್ಮನ್ ಗ್ಲಾಸ್‌ಗೆ ಸುರಿಯುವ ದುಡ್ಡನ್ನು ಒಂದು ಒಳ್ಳೆಯ ಬೂಟಿಗೆ ಹಾಕಿ.

ಮುಂದಿನ ಸಲ ಹೋದಾಗ ಗ್ರ್ಯಾಂಡ್‌ಸ್ಟ್ಯಾಂಡಿನಲ್ಲೇ ದಿನವಿಡೀ ಕೂರಬೇಡಿ. ಒಂದು ರೇಸ್ ಆದರೂ ಫೆನ್ಸಿನ ಪಕ್ಕ ರೇಲಿಂಗ್ ಹಿಡಿದು ನಿಂತು ನೋಡಿ. ನಾಲ್ಕೂವರೆ ಅಡಿ ಎತ್ತರ ಅಂದರೆ ಏನು ಅಂತ ಟಿವಿಯಲ್ಲಿ ಗೊತ್ತಾಗಲ್ಲ. ಕುದುರೆಗಳು ಬರುವ ಮುಂಚೆ ನೆಲದಲ್ಲಿ ಸದ್ದು ಬರುತ್ತದೆ, ಆಮೇಲೆ ಜಾಕಿಗಳು ಒಬ್ಬರಿಗೊಬ್ಬರು ಕೂಗುವುದು ಕೇಳುತ್ತದೆ, ಬರ್ಚ್ ಚಟಪಟ ಮುರಿಯುತ್ತದೆ. ಯಾವುದು ಹಾರಲು ಹಿಂಜರಿಯಿತು ಅಂತ ಅಲ್ಲಿ ನಿಂತವರಿಗೆ ಮಾತ್ರ ಸ್ಪಷ್ಟ. ಕುದುರೆಗಳನ್ನು ನಡೆಸಿ ತೋರಿಸುವ ಪ್ಯಾಡಕ್‌ಗೂ ಹೋಗಿ, ಆದರೆ ರೇಸಿಗೆ ಮುಂಚೆ ಅಲ್ಲ, ಮುಗಿದ ಮೇಲೆ. ಸೋತ ಕುದುರೆಗಳ ಜೀನು ಬಿಚ್ಚುವ ಕಡೆ ನಿಂತುಕೊಳ್ಳಿ. ಪಕ್ಕೆ ಎಷ್ಟು ಏರಿಳಿಯುತ್ತಿದೆ, ಎಷ್ಟು ಬೇಗ ಉಸಿರು ತಹಬಂದಿಗೆ ಬಂತು, ಜಾಕಿ ಟ್ರೇನರ್ ಹತ್ತಿರ ಕೈ ಆಡಿಸಿ ಏನು ವಿವರಿಸುತ್ತಿದ್ದಾನೆ, ನೋಡಿ. ಗೆದ್ದವರ ಕಡೆ ಜನ ಇರ್ತಾರೆ, ಇಲ್ಲಿ ಯಾರೂ ಇರಲ್ಲ, ಆರಾಮಾಗಿ ನೋಡಬಹುದು.

ಈಗ ಪಟ್ಟಿಯನ್ನು ಹೀಗೆ ತಿದ್ದಿ. ಪ್ರತಿ ಹೆಸರಿನ ಮುಂದೆ ಸ್ಥಾನದ ಬದಲು ಕಾರಣ ಬರೆಯಿರಿ: ದೂರ ಸಾಲಲಿಲ್ಲ, ದೂರ ಜಾಸ್ತಿಯಾಯಿತು, ನೆಲ ಹಿಡಿಸಲಿಲ್ಲ, ಬಲಕ್ಕೆ ಹಾರಿತು, ಇಳಿದಾಗ ನಿಂತಿತು. ಕಾರಣ ಗೊತ್ತಾಗದಿದ್ದರೆ ಖಾಲಿ ಬಿಡಿ, ಊಹೆ ಬರೆಯಬೇಡಿ. ನೀವು ಗೀಟು ಹಾಕಿರುವ ನಿಮ್ಮ ಪಟ್ಟಿಯ ಭಾನುವಾರದ ನಾವಿಸ್ ಚೇಸರ್‌ನಿಂದಲೇ (ಫೆನ್ಸ್ ಹಾರುವ ರೇಸಿಗೆ ಹೊಸದಾದ ಕುದುರೆ) ಶುರು ಮಾಡಿ. ಕೊನೆಯಿಂದ ಮೂರನೇ ಫೆನ್ಸಿನ ತನಕ ಅದು ಹಾರಿದ ರೀತಿ ನನಗೆ ತುಂಬಾ ಹಿಡಿಸಿತು. ಬಿದ್ದದ್ದನ್ನು ಬಿಟ್ಟು ಅದಕ್ಕೂ ಹಿಂದಿನ ಫೆನ್ಸ್‌ಗಳನ್ನು ನೋಡಿ, ನಿಮಗೇನು ಕಂಡಿತು ಅಂತ ಇಲ್ಲೇ ಕೆಳಗೆ ಬರೆಯಿರಿ.