ಸಂಪಾದಕರ ಉತ್ತರ: ಹೊಟ್ಟೆ ತುಂಬ ಉಣ್ಣೋಕೆ ಭಯ ಆಗ್ತಿದೆ ಅಂದವರಿಗೆ

ದಾವಣಗೆರೆ ಕಡೆಯವರು, ಈಗ ಬೆಂಗಳೂರಲ್ಲಿ ಪಿಜಿಲಿದ್ದು ಕೆಲಸ ಮಾಡ್ತಿರೋ ಓದುಗರೊಬ್ರು ಬರೆದ ಕಾಗದಕ್ಕೆ ಇದು ಉತ್ತರ. ಹೆಸರು ಬೇಡ ಅಂದಿದ್ದಾರೆ, ಹಾಕಿಲ್ಲ. ಕಾಗದದ ಸಾರ ಇಷ್ಟು: ಅಪ್ಪಂಗೆ ಶುಗರ್ ಬಂತು, ನಂಗೂ ಬರುತ್ತೆ ಅನ್ನೋ ಭಯಕ್ಕೆ ಅನ್ನ ಬಿಟ್ಟೆ, ಆಮೇಲೆ ರಾತ್ರಿ ಊಟಾನೂ ಬಿಟ್ಟೆ, ಬೆಳಿಗ್ಗೆ ಎದ್ದು ಓಡೋಕೆ ಶುರು ಮಾಡ್ದೆ, ಸಣ್ಣ ಆದೆ, ಎಲ್ರೂ ಹೊಗಳಿದ್ರು. ಈಗ ನಾಲ್ಕು ತಿಂಗಳಿಂದ ಪೀರಿಯಡ್ಸ್ ಇಲ್ಲ, ತಲೆ ಬಾಚಿದ್ರೆ ಕೂದಲು ಮುಷ್ಟಿ ತುಂಬ ಬರುತ್ತೆ, ಆಫೀಸಿನ ಏಸಿಲಿ ಕೈ ಮರಗಟ್ಟುತ್ತೆ, ರಾತ್ರಿ ನಿದ್ದೆ ಬರದೆ ಅಡುಗೆ ವಿಡಿಯೋ ನೋಡ್ತಾ ಕೂರ್ತೀನಿ, ಕೆಲವು ದಿನ ತಡೆಯೋಕಾಗದೆ ಸಿಕ್ಕಿದ್ದೆಲ್ಲಾ ತಿಂದು ಮಾರನೇ ದಿನ ಉಪವಾಸ ಇರ್ತೀನಿ. ಕೊನೆಗೆ ಮೂರು ಪ್ರಶ್ನೆ. ನಂಗೆ ವಿಲ್ ಪವರ್ ಕಮ್ಮಿನಾ? ಮತ್ತೆ ತಿನ್ನೋಕೆ ಶುರು ಮಾಡಿದ್ರೆ ಮೊದಲಿನ ಹಾಗೇ ದಪ್ಪ ಆಗಲ್ವಾ? ಅಮ್ಮಂಗೆ ಹೇಳ್ಬೇಕಾ?

ನಿಮ್ಮ ತೂಕ ಆಗ ಎಷ್ಟಿತ್ತು ಈಗ ಎಷ್ಟಿದೆ ಅಂತ ಬರೆದಿದ್ರಲ್ಲ, ಅದನ್ನ ಬೇಕಂತಲೇ ಅಚ್ಚು ಹಾಕ್ತಿಲ್ಲ. ಆ ನಂಬರ್ ನೋಡಿ ಇನ್ಯಾರೋ ಹುಡುಗಿ ಅದನ್ನೇ ಗುರಿ ಮಾಡ್ಕೊಳ್ಳೋದು ನಂಗೆ ಬೇಡ. ಅಲ್ಲದೆ ದೇಹಕ್ಕೆ ಊಟ ಸಾಲ್ತಿದೆಯೋ ಇಲ್ವೋ ಅನ್ನೋದು ತೂಕ ನೋಡಿದ್ರೆ ಗೊತ್ತಾಗಲ್ಲ, ನೋಡೋಕೆ ಮೈಕೈ ತುಂಬ್ಕೊಂಡಿರೋರೂ ತಿಂಗಳುಗಟ್ಟಲೆ ಅರೆಹೊಟ್ಟೇಲಿ ಇದ್ದು ಹೀಗೇ ಸೊರಗಬಹುದು.

ಮೊದಲನೇ ಪ್ರಶ್ನೆಗೆ ಬರ್ತೀನಿ. 1944ರ ನವೆಂಬರಲ್ಲಿ ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ ಒಂದು ಪ್ರಯೋಗ ಶುರು ಮಾಡಿದ್ರು. ಯುದ್ಧದಲ್ಲಿ ಹಸಿದು ಕಂಗಾಲಾದ ಯುರೋಪಿನ ಜನಕ್ಕೆ ಮತ್ತೆ ಊಟ ಕೊಡೋದು ಹೇಗೆ ಅಂತ ತಿಳಿಯೋಕೆ. 36 ಜನ ಯುವಕರು, ಎಲ್ರೂ ಆರೋಗ್ಯವಂತರು, ಮನಸ್ಸು ಗಟ್ಟಿ ಇದ್ದೋರು ಅಂತ ಪರೀಕ್ಷೆ ಮಾಡಿ ಆರಿಸಿದವರು. ಅವರಿಗೆ 24 ವಾರ ದಿನಕ್ಕೆ ಸುಮಾರು 1,570 ಕ್ಯಾಲರಿ ಊಟ ಕೊಟ್ರು, ವಾರಕ್ಕೆ 35 ಕಿಲೋಮೀಟರ್ ನಡೆಸಿದ್ರು. ಏನಾಯ್ತು ಗೊತ್ತಾ? ಬೇಸಿಗೇಲೂ ಚಳಿ ಚಳಿ ಅಂತಿದ್ರು, ನಾಡಿ ಬಡಿತ ಇಳೀತು, ಕೂದಲು ಉದುರ್ತು, ಸಿಟ್ಟು, ಮಂಕು, ಯಾರ ಜೊತೇನೂ ಮಾತು ಬೇಡ. ಅಡುಗೆ ಬಗ್ಗೆ ಒಂದು ದಿನವೂ ಯೋಚಿಸದ ಗಂಡಸರು ಅಡುಗೆ ಪುಸ್ತಕ ಓದೋಕೆ, ರೆಸಿಪಿ ಬರೆದಿಟ್ಕೊಳ್ಳೋಕೆ ಶುರು ಮಾಡಿದ್ರು, ತಟ್ಟೆ ನೆಕ್ತಿದ್ರು, ಕೆಲವರು ಕದ್ದುಮುಚ್ಚಿ ಹೊಟ್ಟೆ ಬಿರಿಯೋಷ್ಟು ತಿಂದು ಆಮೇಲೆ ಒದ್ದಾಡಿದ್ರು. ನಿಮ್ಮ ಕಾಗದ ಓದ್ತಾ ನಂಗೆ ನೆನಪಾಗಿದ್ದು ಇವರೇ. ರಾತ್ರಿ ಎರಡು ಗಂಟೆಗೆ ಒಗ್ಗರಣೆ ವಿಡಿಯೋ ನೋಡೋದು, ತಡೆಯೋಕಾಗದೆ ತಿನ್ನೋದು, ಇದ್ಯಾವುದೂ ವಿಲ್ ಪವರ್ ಕಮ್ಮಿ ಅಂತ ಆಗ್ತಿಲ್ಲ. ಹಸಿದ ದೇಹ ಊಟ ಕೇಳ್ತಿದೆ, ನೀವು ಕೊಡ್ತಿಲ್ಲ, ಅದು ಇನ್ನೂ ಜೋರಾಗಿ ಕೇಳ್ತಿದೆ, ಅಷ್ಟೇ ನಡೀತಿರೋದು.

ಇನ್ನೊಂದು ವಿಷ್ಯ ಗಮನಿಸಿ, ಗಂಡಸರಿಗೆ ಅರೆಹೊಟ್ಟೆ ಅಂತ ವಿಜ್ಞಾನಿಗಳೇ ಕರೆದಿದ್ದು 1,570, ನಮ್ಮ ಮೊಬೈಲಲ್ಲಿ ಓಡಾಡೋ ಡಯಟ್ ಚಾರ್ಟ್‌ಗಳಲ್ಲಿ ಎಷ್ಟೋ 1,200ಕ್ಕೇ ನಿಂತಿರುತ್ವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕ ನೋಡಿದ್ರೆ, ದಿನವಿಡೀ ಕೂತು ಕೆಲಸ ಮಾಡೋ ಹೆಂಗಸಿಗೇ ಸುಮಾರು 1,660 ಬೇಕು, ಮಧ್ಯಮ ದುಡಿಮೆ ಇದ್ರೆ 2,130. ನೀವು ಓಡ್ತಿದ್ದೀರಿ ಬೇರೆ. ಅದೂ ಆರೋಗ್ಯವಾಗಿರೋರ ಲೆಕ್ಕ, ಕಳ್ಕೊಂಡಿದ್ದನ್ನ ವಾಪಸ್ ಕಟ್ಕೊಳ್ಳೋಕೆ ಇನ್ನೂ ಜಾಸ್ತಿ ಬೇಕು. ಮಿನ್ನೆಸೋಟಾದಲ್ಲೂ ಆಮೇಲೆ ಊಟ ಸ್ವಲ್ಪವೇ ಹೆಚ್ಚಿಸಿದವರು ಸರಿಯಾಗಿ ಚೇತರಿಸ್ಕೊಳ್ಳಲಿಲ್ಲ, ದಿನಕ್ಕೆ 4,000 ಕ್ಯಾಲರಿ ಹತ್ತಿರ ಬೇಕಾಯ್ತು ಅಂತ ಕೀಸ್ ಬರೆದಿದ್ದಾರೆ.

ಪೀರಿಯಡ್ಸ್ ನಿಂತಿರೋದನ್ನ ದಯವಿಟ್ಟು ಹಗುರವಾಗಿ ತಗೋಬೇಡಿ. ಊಟ ಸಾಲದೆ ಹೋದ್ರೆ ಮೆದುಳಿನ ಹೈಪೋಥಲಾಮಸ್ ಅನ್ನೋ ಭಾಗ ಅಂಡಾಶಯದ ಕಡೆ ಹೋಗೋ ಹಾರ್ಮೋನ್ ಸಂದೇಶವನ್ನೇ ಕಮ್ಮಿ ಮಾಡಿಬಿಡುತ್ತೆ, ಈಸ್ಟ್ರೋಜನ್ ಅನ್ನೋ ಹೆಣ್ಣಿನ ಹಾರ್ಮೋನ್ ಇಳಿಯುತ್ತೆ, ಅದರ ಜೊತೆ ಮೂಳೆ ಸವೆಯುತ್ತೆ, ಇಪ್ಪತ್ತರ ವಯಸ್ಸಲ್ಲಿ ಕಟ್ಟಬೇಕಾದ ಮೂಳೆ ಆಮೇಲೆ ಪೂರ್ತಿ ವಾಪಸ್ ಬರೋದು ಕಷ್ಟ. ಮೂರು ತಿಂಗಳು ಬರಲಿಲ್ಲ ಅಂದ್ರೇ ಡಾಕ್ಟರ್ ಹತ್ರ ಹೋಗ್ಬೇಕು, ನಿಮ್ಗೆ ನಾಲ್ಕಾಗಿದೆ. ಮತ್ತೆ ಒಂದು ಎಚ್ಚರಿಕೆ. ಕಮ್ಮಿ ತಿಂದು ಪೀರಿಯಡ್ಸ್ ನಿಂತವರಲ್ಲೂ ಕೆಲವರಿಗೆ ಸ್ಕ್ಯಾನಿಂಗಲ್ಲಿ ಅಂಡಾಶಯದ ತುಂಬ ಸಣ್ಣ ಗುಳ್ಳೆ ಥರ ಕಾಣುತ್ತೆ, ತಕ್ಷಣ ಪಿಸಿಓಡಿ, ಅಂದ್ರೆ ಅಂಡಾಶಯದ ಹಾರ್ಮೋನ್ ಏರುಪೇರಿನ ತೊಂದರೆ ಅಂತ ಹೇಳಿ ತೂಕ ಇಳಿಸಿ, ಅನ್ನ ಬಿಡಿ ಅಂದುಬಿಟ್ರೆ ರೋಗಕ್ಕೆ ರೋಗವನ್ನೇ ಔಷಧಿ ಅಂತ ಕೊಟ್ಟಂಗೆ. ಅದಕ್ಕೇ ಡಾಕ್ಟರ್ ಮುಂದೆ ಏನೂ ಮುಚ್ಚಿಡದೆ ಹೇಳಿ: ಇಷ್ಟು ತಿಂಗಳಲ್ಲಿ ಇಷ್ಟು ತೂಕ ಇಳಿಸಿದೆ, ಇಂಥದ್ದು ತಿನ್ನೋದು ಬಿಟ್ಟೆ, ಇಷ್ಟು ಓಡ್ತೀನಿ. ರಕ್ತ, ಕಬ್ಬಿಣ, ಥೈರಾಯ್ಡ್, ಪೊಟ್ಯಾಸಿಯಮ್, ಫಾಸ್ಫೇಟ್, ಇಸಿಜಿ ನೋಡಿಸಿ, ರಿಪೋರ್ಟ್ ನಾರ್ಮಲ್ ಬಂತು ಅಂತ ಎಲ್ಲಾ ಸರಿ ಇದೆ ಅಂದ್ಕೋಬೇಡಿ, ಎಷ್ಟೋ ದಿನ ದೇಹ ತನ್ನನ್ನೇ ಕರಗಿಸಿ ರಕ್ತದ ಲೆಕ್ಕ ಸರಿದೂಗಿಸ್ತಿರುತ್ತೆ. ಹಾರ್ಮೋನ್ ಮಾತ್ರೆ ಕೊಟ್ಟಾಗ ಬರೋ ಬ್ಲೀಡಿಂಗನ್ನೂ ಗುಣ ಆಯ್ತು ಅಂತ ಲೆಕ್ಕಕ್ಕೆ ತಗೋಬೇಡಿ.

ಎಲ್ರೂ ಹೊಗಳಿದ್ರು ಅಂತ ಬರೆದಿದ್ದೀರಲ್ಲ, ಆ ಸಾಲು ಓದಿ ತುಂಬ ಬೇಜಾರಾಯ್ತು. ನಮ್ಮಲ್ಲಿ ಹೆಣ್ಮಕ್ಳು ಕಮ್ಮಿ ತಿಂದ್ರೆ ಅದು ಯಾರಿಗೂ ಕಾಯಿಲೆ ಅಂತ ಕಾಣಲ್ಲ, ಸೋಮವಾರ ಒಪ್ಪೊತ್ತು, ಗುರುವಾರ ಒಪ್ಪೊತ್ತು, ಮನೆಯವ್ರೆಲ್ಲಾ ಉಂಡ ಮೇಲೆ ತಳದಲ್ಲಿ ಉಳಿದದ್ದು, ಇದನ್ನೆಲ್ಲಾ ಒಳ್ಳೇತನ ಅಂತಲೇ ನೋಡ್ಕೊಂಡು ಬಂದಿದ್ದೀವಿ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ರಕ್ತಹೀನತೆ ಇದೆ. ಇಂಥ ಕಡೆ ಸಣ್ಣ ಆಗಿದ್ದೀಯ, ಸೂಪರ್ ಅನ್ನೋದು ಎಷ್ಟು ಅಪಾಯ ಅಂತ ನಾವು ಯೋಚನೆ ಮಾಡಿಲ್ಲ.

ಈಗ ತಿನ್ನೋ ವಿಚಾರ. ಹಸಿವಾಗಲಿ ತಿಂತೀನಿ ಅಂತ ಕಾಯಬೇಡಿ, ನಿಮ್ಮ ಹಸಿವಿನ ಅಂದಾಜು ಕೆಟ್ಟಿದೆ, ಹೊಟ್ಟೆ ನಿಧಾನ ಆಗಿರೋದ್ರಿಂದ ನಾಲ್ಕು ತುತ್ತಿಗೇ ಉಬ್ಬರ ಅನ್ಸುತ್ತೆ. ಗಡಿಯಾರ ನೋಡ್ಕೊಂಡು ತಿನ್ನಿ, ಮೂರು ಊಟ, ನಡುವೆ ಎರಡು ಮೂರು ಸಲ ತಿಂಡಿ, ಮೂರ್ನಾಲ್ಕು ಗಂಟೆಗಿಂತ ಜಾಸ್ತಿ ಖಾಲಿ ಹೊಟ್ಟೇಲಿ ಇರಬೇಡಿ. ಸೌತೆಕಾಯಿ, ನೀರು ಮಜ್ಜಿಗೆ, ಬ್ಲ್ಯಾಕ್ ಕಾಫಿಲಿ ಹೊಟ್ಟೆ ತುಂಬಿಸ್ಕೊಳ್ಳೋದು ನಿಲ್ಲಿಸಿ. ಪಿಜಿಯ ಅನ್ನ ಸಾಂಬಾರನ್ನೇ ಹೊಟ್ಟೆ ತುಂಬ ಉಣ್ಣಿ, ಮೇಲೆ ತುಪ್ಪ ಹಾಕ್ಕೊಳ್ಳಿ, ಗಟ್ಟಿ ಮೊಸರು, ಮೊಟ್ಟೆ ತಿನ್ನೋದಾದ್ರೆ ಮೊಟ್ಟೆ, ಊರಿಂದ ಶೇಂಗಾ ಚಟ್ನಿಪುಡಿ ತರಿಸ್ಕೊಂಡು ರೊಟ್ಟಿಗೆ ಎಣ್ಣೆ ಜೊತೆ ಕಲಸಿ, ಬ್ಯಾಗಲ್ಲಿ ಶೇಂಗಾ ಉಂಡೆ, ಬಾಳೆಹಣ್ಣು ಇಟ್ಕೊಳ್ಳಿ. ಒಂದಿನ ಜಾಸ್ತಿ ತಿಂದ್ರಿ ಅನ್ಕೊಳ್ಳಿ, ಮಾರನೇ ಬೆಳಿಗ್ಗೆ ತಿಂಡಿ ಬಿಡಲೇಬೇಡಿ, ಆ ಉಪವಾಸವೇ ಮುಂದಿನ ಸಲದ ಮುಕ್ಕೋದಕ್ಕೆ ದಾರಿ ಮಾಡೋದು. ಓಟ ಈಗ ನಿಲ್ಲಿಸಿ. ಪೀರಿಯಡ್ಸ್ ವಾಪಸ್ ಬಂದು ಡಾಕ್ಟರ್ ಸರಿ ಅನ್ನೋವರೆಗೂ ಬೇಡ.

ದಪ್ಪ ಆಗಲ್ವಾ ಅಂದ್ರಿ. ತೂಕ ಬರುತ್ತೆ, ಬರಬೇಕು, ಅದೇ ಔಷಧಿ. ಮೊದಲ ವಾರಗಳಲ್ಲಿ ಕಾಲು ಊದಬಹುದು, ಮುಖ ಉಬ್ಬಿದಂಗೆ ಕಾಣಬಹುದು, ಅದರಲ್ಲಿ ಬಹಳಷ್ಟು ನೀರು, ಇನ್ಸುಲಿನ್ ಏರಿದಾಗ ಕಿಡ್ನಿ ಉಪ್ಪು ನೀರು ಹಿಡಿದಿಟ್ಕೊಳ್ಳುತ್ತೆ, ಖಾಲಿಯಾಗಿದ್ದ ಗ್ಲೈಕೋಜನ್, ಅಂದ್ರೆ ದೇಹ ಕೂಡಿಟ್ಕೊಳ್ಳೋ ಸಕ್ಕರೆ, ತುಂಬೋವಾಗ ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರೂ ಸೇರುತ್ತೆ. ಇದನ್ನ ನೋಡಿ ಹೆದರಿ ಮತ್ತೆ ಊಟ ಬಿಡೋರೂ ಇದ್ದಾರೆ, ಅದಕ್ಕೆ ತೂಕದ ಮಷಿನ್ ಯಾರಿಗಾದ್ರೂ ಕೊಟ್ಟುಬಿಡಿ, ಡಾಕ್ಟರ್ ನೋಡ್ಕೊಳ್ಳಲಿ. ಆದ್ರೆ ಒಂದು ಮಾತು ಎಲ್ಲಾ ಓದುಗರಿಗೂ: ತುಂಬಾ ದಿನ ಏನೂ ತಿನ್ನದೇ ಇದ್ದವರು, ತೀರಾ ಬಡಕಲಾದವರು ಮನೇಲೇ ಏಕಾಏಕಿ ಜಾಸ್ತಿ ಊಟ ಶುರು ಮಾಡಬಾರದು, ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಮ್ ಇಳಿದು ಹೃದಯಕ್ಕೇ ಕುತ್ತು ಬರಬಹುದು, ಅವರು ಆಸ್ಪತ್ರೆಲಿ ವಿಟಮಿನ್ ಬಿ1 ತಗೊಂಡು ನಿಗಾದಲ್ಲೇ ಶುರು ಮಾಡ್ಬೇಕು. ನಿಮ್ಗೂ ತಲೆಸುತ್ತಿ ಬಿದ್ರೆ, ಎದೆ ಡವಡವ ಅಂದ್ರೆ, ಊತ ಜಾಸ್ತಿ ಆದ್ರೆ, ಉಸಿರು ಕಟ್ಟಿದ್ರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಶುಗರ್ ಭಯ ಸುಳ್ಳಲ್ಲ, ಅಪ್ಪಂಗೆ ಇದ್ರೆ ವರ್ಷಕ್ಕೊಂದ್ಸಲ ಟೆಸ್ಟ್ ಮಾಡಿಸಿ. ಅನ್ನದ ಜೊತೆ ಬೇಳೆ ಕಾಳು ಸೊಪ್ಪು ಇರಲಿ, ಚೇತರಿಸ್ಕೊಂಡ ಮೇಲೆ ವಾಕ್ ಮಾಡಿ. ಅರೆಹೊಟ್ಟೇಲಿ ಇರೋದು ಶುಗರ್ ತಡೆಯೋ ದಾರಿ ಅಲ್ಲವೇ ಅಲ್ಲ.

ಪೀರಿಯಡ್ಸ್ ಬರೋಕೆ ಆರು ತಿಂಗಳು, ಕೆಲವರಿಗೆ ಇನ್ನೂ ಜಾಸ್ತಿ ಹಿಡಿಯುತ್ತೆ, ಕೂದಲು ಅದಕ್ಕಿಂತ ನಿಧಾನ. ಊಟದ ಯೋಚನೆ ತಲೆಯಿಂದ ಇಳಿಯೋದು ಎಲ್ಲಕ್ಕಿಂತ ತಡ. ಅಷ್ಟು ದಿನ ಒಬ್ರೇ ಇದನ್ನ ಹೊರೋಕಾಗಲ್ಲ, ಅದಕ್ಕೇ ಅಮ್ಮಂಗೆ ಹೇಳಿ. ಅಮ್ಮ ಅಳಬಹುದು, ಬೈಬಹುದು, ಮೊದಲೇ ಹೇಳಿರಲಿಲ್ವಾ ಅನ್ನಬಹುದು. ಫೋನಲ್ಲಿ ಇಷ್ಟೇ ಹೇಳಿ: ಅಮ್ಮ, ಕಮ್ಮಿ ತಿಂದು ಹುಷಾರು ತಪ್ಪಿದೆ, ನನ್ನ ಮೈ ಬಗ್ಗೆ ಏನೂ ಅನ್ನಬೇಡ, ಸ್ವಲ್ಪ ದಿನ ಬಂದು ಜೊತೇಲಿ ಕೂತು ಊಟ ಮಾಡು. ಅಮ್ಮಂಗೆ ಹೇಳೋಕೆ ಧೈರ್ಯ ಸಾಲದ ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ, ಹೊತ್ತಲ್ಲದ ಹೊತ್ತಲ್ಲೂ ಸಿಗ್ತಾರೆ. ತಿನ್ನೋಕೆ ಕೂತಾಗ ಭಯ ಮೈತುಂಬ ಬರುತ್ತೆ ಅಂತಾದ್ರೆ ನಿಮ್ಹಾನ್ಸ್‌ಗೂ ಒಂದ್ಸಲ ಹೋಗಿ ತೋರಿಸಿ, ಬೆಂಗಳೂರಲ್ಲೇ ಇದ್ದೀರಿ. ಎರಡು ತಿಂಗಳು ಬಿಟ್ಟು ಮತ್ತೆ ಬರೀರಿ, ಕಾಯ್ತಿರ್ತೀನಿ.