ಉಸಿರಿನ ಕಸರತ್ತು, ದೋಣಿಯ ವೇಗ: ಲೇಖನವೊಂದಕ್ಕೆ ಸಂಪಾದಕರ ಉತ್ತರ

ಪ್ರಿಯ ಮಿತ್ರರೇ,

ಬಾಯಿಗಿಟ್ಟು ಉಸಿರೆಳೆಯುವ ಸಾಧನದಿಂದ ಉಸಿರಾಟಕ್ಕೆ ತರಬೇತಿ ಕೊಟ್ಟರೆ ರೋಯಿಂಗಿನಲ್ಲಿ, ಅಂದರೆ ದೋಣಿಗೆ ಹುಟ್ಟು ಹಾಕುವ ಪಂದ್ಯದಲ್ಲಿ, ವೇಗ ಹೆಚ್ಚುತ್ತದೆ ಎನ್ನುವ ‘ಶ್ವಾಸಬಲವೇ ಜಯದ ಗುಟ್ಟು’ ಎಂಬ ನಿಮ್ಮ ಲೇಖನವನ್ನು ಪೂರ್ತಿ ಓದಿದ್ದೇವೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ವಿಷಯ ಮಾತ್ರ ಕೈಬಿಡುವಂಥದ್ದಲ್ಲ. ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯಿಂದ ಪುಣೆಗೆ ಓದಲು ಬಂದು, ಬೆಳಗಿನ ಜಾವ ಮುಳಾ ನದಿಯಲ್ಲಿ ಹುಟ್ಟು ಹಾಕುವ ಹುಡುಗ ಹುಡುಗಿಯರು ನಮ್ಮ ಓದುಗರಲ್ಲಿದ್ದಾರೆ. ಇಂಥ ಲೇಖನ ಓದಿ ಅವರು ಸುಮ್ಮನೆ ಕೂರುವವರಲ್ಲ, ಸಾಧನ ತರಿಸಿ ಬಾಯಿಗಿಟ್ಟುಕೊಳ್ಳುವವರು. ಆದ್ದರಿಂದ ಒಂದೊಂದು ಅಂಕಿಯೂ ಸರಿಯಿರಬೇಕು, ಒಂದೊಂದು ಹೆಜ್ಜೆಯೂ ಪೂರ್ತಿಯಿರಬೇಕು. ನಿಮ್ಮಲ್ಲಿ ಭರವಸೆ ಬೆಟ್ಟದಷ್ಟಿದೆ, ವಿಧಾನ ನಾಲ್ಕೇ ಸಾಲಿದೆ. ಇದು ತಿರುವುಮುರುವಾಗಬೇಕು.

ಮೊದಲ ಮೂರು ಪ್ಯಾರಾ ತೆಗೆದುಬಿಡಿ. ಪ್ರಾಣವಾಯುವಿನ ಮಹಿಮೆ, ಋಷಿಮುನಿಗಳ ಉಸಿರು, ನಗರಜೀವನದ ಒತ್ತಡ ಇವೆಲ್ಲ ಮುಗಿದು ರೋಯಿಂಗ್ ಎಂಬ ಮಾತು ಬರುವುದು ನಾಲ್ಕನೆಯ ಪ್ಯಾರಾದಲ್ಲಿ. ನೀವು ಯಾರಿಗಾಗಿ ಬರೆದಿದ್ದೀರೋ ಅವರು ಅಷ್ಟು ಹೊತ್ತಿಗೆ ಬೇರೆ ಪುಟಕ್ಕೆ ಹೋಗಿರುತ್ತಾರೆ.

ಇನ್ನು ತಪ್ಪುಗಳು. “ಈ ತರಬೇತಿಯಿಂದ ಶ್ವಾಸಕೋಶ ದೊಡ್ಡದಾಗುತ್ತದೆ” ಎಂದು ಬರೆದಿದ್ದೀರಿ. ಆಗುವುದಿಲ್ಲ. ಶ್ವಾಸಕೋಶ ತಾನಾಗಿ ಹಿಗ್ಗುವ ಅಂಗವೇ ಅಲ್ಲ. ಕೆಳಗಿನಿಂದ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ), ಸುತ್ತಲಿಂದ ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಅದನ್ನು ಹಿಗ್ಗಿಸುತ್ತವೆ. ಈ ತರಬೇತಿ ಬಲಪಡಿಸುವುದು ಆ ಸ್ನಾಯುಗಳನ್ನು. ಚೆನ್ನಾಗಿ ಪಳಗಿದ ಕ್ರೀಡಾಪಟುವಿನಲ್ಲಿ ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕದ ಪ್ರಮಾಣವೂ, ಅಂದರೆ ವಿಓ2 ಮ್ಯಾಕ್ಸ್ ಕೂಡ, ಸಾಮಾನ್ಯವಾಗಿ ಇದರಿಂದ ಏರುವುದಿಲ್ಲ.

ಹಾಗಾದರೆ ಲಾಭ ಬರುವುದು ಎಲ್ಲಿಂದ? ಲೇಖನದ ಜೀವ ಇರುವುದು ಈ ಪ್ರಶ್ನೆಯಲ್ಲಿ. ನೀವು ಅದನ್ನು ಮುಟ್ಟಿಯೇ ಇಲ್ಲ.

ಲೆಕ್ಕದಿಂದ ಶುರುಮಾಡಿ. 2000 ಮೀಟರ್ ಪಂದ್ಯದಲ್ಲಿ ನಿಮಿಷಕ್ಕೆ 36 ಸ್ಟ್ರೋಕ್, ಅಂದರೆ 36 ಸಲ ಹುಟ್ಟು ಎಳೆಯುವುದು, ಪ್ರತಿ ಸ್ಟ್ರೋಕಿಗೆ ಎರಡು ಉಸಿರು ಅಂದುಕೊಳ್ಳಿ: 72 ಉಸಿರಾಯಿತು. ಒಂದೊಂದು ಉಸಿರಿಗೆ ಎರಡೂವರೆ ಲೀಟರ್ ಹಿಡಿದರೆ ನಿಮಿಷಕ್ಕೆ 180 ಲೀಟರ್ ಗಾಳಿ. ದೊಡ್ಡ ಮೈಕಟ್ಟಿನ ಅಂತಾರಾಷ್ಟ್ರೀಯ ಪುರುಷ ರೋವರ್‌ಗಳಲ್ಲಿ ಇದು 200 ಲೀಟರ್ ದಾಟುತ್ತದೆ. ಇಷ್ಟು ಗಾಳಿ ಎಳೆದು ಬಿಡುವುದೇ ಒಂದು ದೊಡ್ಡ ಕೆಲಸ, ಅದಕ್ಕೂ ರಕ್ತ ಬೇಕು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಜೆರೋಮ್ ಡೆಂಪ್ಸಿಯವರ ತಂಡ 1990ರ ದಶಕದಲ್ಲಿ ಸೈಕಲ್ ಸವಾರರ ಮೇಲೆ ಇದನ್ನು ಅಳೆಯಿತು. ಗರಿಷ್ಠ ಶ್ರಮದಲ್ಲಿ ಹೃದಯ ಪಂಪು ಮಾಡುವ ರಕ್ತದ ಸುಮಾರು 14ರಿಂದ 16 ಪ್ರತಿಶತ ಉಸಿರಾಟದ ಸ್ನಾಯುಗಳಿಗೇ ಹೋಗುತ್ತಿತ್ತು. ಯಂತ್ರದ ನೆರವಿನಿಂದ ಉಸಿರಾಟದ ಹೊರೆ ಇಳಿಸಿದಾಗ ಕಾಲಿಗೆ ಹೋಗುವ ರಕ್ತ ಹೆಚ್ಚಿತು, ಹೊರೆ ಏರಿಸಿದಾಗ ಕಡಿಮೆಯಾಯಿತು. ವಪೆ ದಣಿದರೆ ಅಲ್ಲಿಂದ ನರಗಳ ಮೂಲಕ ಸಂಕೇತ ಹೋಗಿ ಕೈಕಾಲುಗಳ ರಕ್ತನಾಳ ಬಿಗಿಯುತ್ತವೆ. ದೇಹ ಮೊದಲು ಉಸಿರನ್ನು ಉಳಿಸಿಕೊಳ್ಳುತ್ತದೆ, ತೊಡೆ ಆಮೇಲೆ. ಕೊನೆಯ 500 ಮೀಟರಿನಲ್ಲಿ ಕಾಲು ಸೀಸದಂತೆ ಭಾರವಾಗುವುದಕ್ಕೆ ಇದೂ ಒಂದು ಕಾರಣ. ವಪೆ ಗಟ್ಟಿಯಾದರೆ ಅದೇ ಕೆಲಸ ಅದಕ್ಕೆ ಹಗುರವಾಗುತ್ತದೆ, ಈ ಬಿಗಿತ ತಡವಾಗಿ ಬರುತ್ತದೆ, ಏದುಸಿರಿನ ಸಂಕಟವೂ ಕಡಿಮೆಯಾಗುತ್ತದೆ.

ಸೈಕಲ್ಲಿಗಿಲ್ಲದ ಇನ್ನೊಂದು ತೊಡಕು ರೋಯಿಂಗಿಗಿದೆ. ಕ್ಯಾಚ್‌ನಲ್ಲಿ, ಅಂದರೆ ಹುಟ್ಟು ನೀರಿಗಿಳಿಯುವ ಕ್ಷಣದಲ್ಲಿ, ಮೊಣಕಾಲು ಎದೆಯ ಹತ್ತಿರ ಬಂದು ತೊಡೆ ಹೊಟ್ಟೆಯನ್ನು ಒತ್ತಿರುತ್ತದೆ. ವಪೆಗೆ ಕೆಳಗಿಳಿಯಲು ಜಾಗವಿರುವುದಿಲ್ಲ. ಕಾಲಿನ ಬಲವನ್ನು ಹುಟ್ಟಿಗೆ ಮುಟ್ಟಿಸಲು ಬೆನ್ನು ಹೊಟ್ಟೆ ಬಿಗಿಯಾಗಿ ನಿಲ್ಲಬೇಕಾದದ್ದೂ ಅದೇ ಕ್ಷಣ. ಉಸಿರಾಟಕ್ಕೂ ಬೆನ್ನಿನ ಆಸರೆಗೂ ಒಂದೇ ಸ್ನಾಯುಗಳು ದುಡಿಯುತ್ತವೆ. ಹಾಗಾಗಿಯೇ ಅನುಭವಿ ರೋವರ್‌ಗಳು ಡ್ರೈವ್‌ನಲ್ಲಿ (ಹುಟ್ಟು ಎಳೆಯುವಾಗ) ಉಸಿರು ಬಿಡುತ್ತಾರೆ, ರಿಕವರಿಯಲ್ಲಿ (ಮುಂದಿನ ಕ್ಯಾಚಿಗೆ ಮರಳುವಾಗ) ಎಳೆದುಕೊಳ್ಳುತ್ತಾರೆ. ವೇಗ ಹೆಚ್ಚಾದಾಗ ಫಿನಿಶ್‌ನಲ್ಲಿ (ಹುಟ್ಟಿನ ಎಳೆತ ಮುಗಿಯುವಾಗ) ಒಂದು ಸಣ್ಣ ಉಸಿರು ಎಳೆದು, ರಿಕವರಿಯಲ್ಲಿ ಬಿಟ್ಟು, ಕ್ಯಾಚ್‌ಗೆ ಮುನ್ನ ಇನ್ನೊಂದು ಎಳೆಯುತ್ತಾರೆ. ಈ ಭಾಗಕ್ಕೆ ನಾಲ್ಕು ಭಂಗಿಗಳ ರೇಖಾಚಿತ್ರ ಬೇಕೇ ಬೇಕು.

ಈಗ ನಿಮ್ಮ ದೊಡ್ಡ ಅಂಕಿ. “2000 ಮೀಟರಿನಲ್ಲಿ 36 ಸೆಕೆಂಡು ಉಳಿತಾಯ” ಎಂದಿದ್ದೀರಿ. ಏಳು ನಿಮಿಷದ ರೋವರ್ ಒಮ್ಮೆಗೇ 6:24ಕ್ಕೆ ಬರುವುದು ಆಗುವ ಮಾತೇ? ದೋಣಿ ಏರಿದ ಯಾರೂ ಇದನ್ನು ನಂಬುವುದಿಲ್ಲ, ಅಲ್ಲಿಂದ ಮುಂದಿನ ಒಂದು ಸಾಲನ್ನೂ ನಂಬುವುದಿಲ್ಲ. ಆ ಅಂಕಿಯ ಮೂಲ ಬ್ರಿಟನ್ನಿನಲ್ಲಿ ವೊಲಿಯಾನಿಟಿಸ್, ಮೆಕಾನಲ್ ಮತ್ತು ಸಂಗಡಿಗರು ಮಾಡಿ 2001ರಲ್ಲಿ ಪ್ರಕಟಿಸಿದ ಅಧ್ಯಯನ. 14 ಮಹಿಳಾ ರೋವರ್‌ಗಳು, 11 ವಾರ. 36 ಸೆಕೆಂಡು ಉಳಿದದ್ದು 5000 ಮೀಟರಿನಲ್ಲಿ. ತೋರಿಕೆಗೆ ಮಾತ್ರ ಹಗುರ ಹೊರೆಯಲ್ಲಿ ಉಸಿರೆಳೆದ ಇನ್ನೊಂದು ಗುಂಪಿಗೂ 11 ಸೆಕೆಂಡು ಉಳಿಯಿತು. ಆರು ನಿಮಿಷದ ಪೂರ್ಣಬಲದ ಪರೀಕ್ಷೆಯಲ್ಲಿ ಕ್ರಮಿಸಿದ ದೂರ ನಿಜವಾದ ಹೊರೆಯಲ್ಲಿ ತರಬೇತಿ ಪಡೆದ ಗುಂಪಿನಲ್ಲಿ 3.5 ಪ್ರತಿಶತ ಹೆಚ್ಚಿತು, ತೋರಿಕೆಯ ಗುಂಪಿನಲ್ಲಿ 1.6 ಪ್ರತಿಶತ. ಸಾಧನದ್ದೇ ಕೊಡುಗೆ ಎನ್ನಬಹುದಾದದ್ದು ಈ ಎರಡರ ನಡುವಿನ ಅಂತರವಷ್ಟೇ. ಎರಡೂ ಅಂಕಿಗಳನ್ನು ಅಕ್ಕಪಕ್ಕದಲ್ಲಿ ಕೊಡಿ.

ಮೆಕಾನಲ್ ಅವರೇ ಗ್ರಿಫಿತ್ಸ್ ಜೊತೆ 2007ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಉಸಿರು ಎಳೆಯುವ ಸ್ನಾಯುಗಳ ತರಬೇತಿಯಿಂದ ಆರು ನಿಮಿಷದ ಸರಾಸರಿ ಶಕ್ತಿ 2.7 ಪ್ರತಿಶತ ಏರಿತು. ಉಸಿರು ಬಿಡುವ ಸ್ನಾಯುಗಳ ತರಬೇತಿಯಿಂದ ಲಾಭ ಕಾಣಲಿಲ್ಲ. ಶಕ್ತಿ 2.7 ಪ್ರತಿಶತ ಏರಿದರೆ ವೇಗವೂ ಅಷ್ಟೇ ಏರುವುದಿಲ್ಲ. ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಎರ್ಗ್ (ನೆಲದ ಮೇಲೆ ಹುಟ್ಟು ಎಳೆಯುವ ಅಭ್ಯಾಸಯಂತ್ರ) ಮೇಲೆ 500 ಮೀಟರಿಗೆ 1:45 ಅಂದರೆ ಸುಮಾರು 302 ವ್ಯಾಟ್. ಅದು 310 ಆದರೆ ವೇಗ 1:44.1 ಆಗುತ್ತದೆ. ಏಳು ನಿಮಿಷದ 2000 ಮೀಟರಿಗೆ ಮೂರೂವರೆಯಿಂದ ನಾಲ್ಕು ಸೆಕೆಂಡು. ಇದನ್ನು ಹೀಗೆಯೇ ಬರೆಯಿರಿ. ನಾಲ್ಕು ಸೆಕೆಂಡಿನಲ್ಲಿ ಪದಕ ಕೈತಪ್ಪಿದವರಿಗೆ ಅದರ ಬೆಲೆ ಗೊತ್ತು, 36ರ ಆಮಿಷ ಬೇಕಿಲ್ಲ.

ವಿರುದ್ಧ ಫಲಿತಾಂಶವನ್ನೂ ಮುಚ್ಚಿಡಬೇಡಿ. ಗ್ರೀಸಿನ ರಿಗಾನಾಸ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚೆನ್ನಾಗಿ ಪಳಗಿದ ರೋವರ್‌ಗಳ ಉಸಿರಾಟದ ಸ್ನಾಯು ಬಲಗೊಂಡರೂ ಎರ್ಗ್ ಸಮಯ ಸುಧಾರಿಸಲಿಲ್ಲ. ಈಗಾಗಲೇ ಮೇಲ್ಮಟ್ಟದಲ್ಲಿರುವವರಿಗೆ ಲಾಭ ಕಡಿಮೆ ಇರಬಹುದು ಎಂಬುದು ಓದುಗರಿಗೆ ತಿಳಿಯಲಿ.

ಸಾಧನದ ವಿಷಯದಲ್ಲಿ ನೀವು ಮಾಡಿರುವ ತಪ್ಪಿನಿಂದ ಓದುಗರ ಹಣವೂ ಸಮಯವೂ ಹಾಳಾಗುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಆಸ್ಪತ್ರೆಯಲ್ಲಿ ಕೊಡುವ ಮೂರು ಚೆಂಡಿನ ಸ್ಪೈರೋಮೀಟರನ್ನು ನೀವು ಶಿಫಾರಸು ಮಾಡಿದ್ದೀರಿ. ಅದರ ಮೇಲಿನ 600, 900, 1200 ಎಂಬ ಅಂಕಿಗಳು ಸೆಕೆಂಡಿಗೆ ಎಷ್ಟು ಮಿಲಿಲೀಟರ್ ಗಾಳಿ ಹರಿಯಿತು ಎಂದು ತೋರಿಸುತ್ತವೆ. ರೋಗಿ ಆಳವಾಗಿ ಉಸಿರೆಳೆಯಲಿ ಎಂಬುದು ಅದರ ಉದ್ದೇಶ, ಸ್ನಾಯುವಿಗೆ ಹೇಳಿಕೊಳ್ಳುವಂಥ ಹೊರೆ ಅದರಲ್ಲಿಲ್ಲ. ಬೇಕಾದದ್ದು ಸ್ಪ್ರಿಂಗ್ ವಾಲ್ವ್ ಇರುವ ಸಾಧನ: ನಿಗದಿತ ಒತ್ತಡ ಮುಟ್ಟುವವರೆಗೆ ವಾಲ್ವ್ ತೆರೆಯದು, ಮುಟ್ಟಿದ ಮೇಲಷ್ಟೇ ಗಾಳಿ ಒಳಬರುತ್ತದೆ. ಇದರಲ್ಲೂ ನೋಡಿ ಕೊಳ್ಳಬೇಕು. ರೋಗಿಗಳಿಗೆಂದು ಮಾಡಿದ, ಬಹಳ ಬಳಕೆಯಲ್ಲಿರುವ ಒಂದು ಮಾದರಿಯ ಗರಿಷ್ಠ ಹೊರೆ 41 ಸೆಂಟಿಮೀಟರ್ ನೀರಿನ ಒತ್ತಡ. ಇಪ್ಪತ್ತರ ಹರೆಯದ ಗಟ್ಟಿ ಹುಡುಗನ ಗರಿಷ್ಠ ಎಳೆತ, ಅಂದರೆ ಉಸಿರೆಳೆಯುವಾಗ ಅವನು ಹುಟ್ಟಿಸಬಲ್ಲ ಅತಿ ಹೆಚ್ಚಿನ ಒತ್ತಡ, 120 ಇದ್ದರೆ ಅವನಿಗೆ ಶುರುವಿಗೇ ಅದರ ಅರ್ಧ, 60 ಬೇಕು. ಮುಖಕ್ಕೆ ಕಟ್ಟುವ ‘ಎತ್ತರದ ಮಾಸ್ಕ್’ ಬೆಟ್ಟದ ತೆಳು ಗಾಳಿಯನ್ನು ತಂದುಕೊಡುವುದಿಲ್ಲ, ಅದರಲ್ಲಿ ಆಮ್ಲಜನಕದ ಪಾಲು ಅಷ್ಟೇ ಇರುತ್ತದೆ. ಕಪಾಲಭಾತಿಯಲ್ಲಿ ಬಲ ಬೀಳುವುದು ಉಸಿರು ಬಿಡುವಾಗ, ಅದೂ ಹೊರೆಯಿಲ್ಲದೆ. ಅದರ ಉಪಯೋಗ ಅದಕ್ಕಿರಲಿ, ಈ ತರಬೇತಿಯ ಬದಲಿಗೆ ಅದನ್ನು ಹೇಳಬೇಡಿ.

“ದಿನಕ್ಕೆರಡು ಬಾರಿ ಅಭ್ಯಾಸ ಮಾಡಿ” ಎಂದು ನೀವು ಒಂದೇ ವಾಕ್ಯದಲ್ಲಿ ಮುಗಿಸಿದ ಕಡೆ ಎರಡು ಪುಟ ಬೇಕು. ಏನೇನು ಬರಬೇಕೆಂದರೆ: ಮೂಗಿಗೆ ಕ್ಲಿಪ್ ಹಾಕಿ ನೆಟ್ಟಗೆ ನಿಲ್ಲಬೇಕು ಅಥವಾ ಕೂರಬೇಕು. ತುಟಿಯ ಸುತ್ತ ಗಾಳಿ ಸೋರದಂತೆ ಸಾಧನ ಹಿಡಿಯಬೇಕು. ಮೊದಲು ಎದೆ ಖಾಲಿಯಾಗುವಷ್ಟು ಉಸಿರು ಬಿಡಬೇಕು. ಆಮೇಲೆ ಸಾಧ್ಯವಾದಷ್ಟು ವೇಗವಾಗಿ, ಬಲವಾಗಿ, ಎದೆ ಪೂರ್ತಿ ತುಂಬುವವರೆಗೆ ಎಳೆಯಬೇಕು. ಬಿಡುವುದು ನಿಧಾನ, ಮೂರು ನಾಲ್ಕು ಸೆಕೆಂಡು, ಯಾವ ಒತ್ತಾಯವೂ ಇಲ್ಲದೆ. ಹೀಗೆ 30 ಉಸಿರು, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಹೊರೆ ಗರಿಷ್ಠ ಎಳೆತದ ಅರ್ಧದಷ್ಟು. ಅಳೆಯುವ ಯಂತ್ರ ಎಲ್ಲರ ಬಳಿ ಇರುವುದಿಲ್ಲ, ಹಾಗಾಗಿ ಒಂದು ಸುಲಭ ಗುರುತು ಕೊಡಿ: 30ನೆಯ ಉಸಿರನ್ನು ಕಷ್ಟಪಟ್ಟು ಪೂರ್ತಿ ತುಂಬಲು ಸಾಧ್ಯವಾಗುವ ಹೊರೆಯೇ ಸರಿಯಾದ ಹೊರೆ. 20ಕ್ಕೇ ಉಸಿರು ಗಿಡ್ಡವಾದರೆ ಸ್ಪ್ರಿಂಗ್ ಸಡಿಲಿಸಬೇಕು, 30 ಸಲೀಸಾಗಿ ಮುಗಿದರೆ ಕಾಲು ಸುತ್ತು ಬಿಗಿ ಮಾಡಬೇಕು. ಹೊರೆ ಏರಿಸದೆ ತಿಂಗಳುಗಟ್ಟಲೆ ಒಂದೇ ಅಂಕಿಯಲ್ಲಿ ಎಳೆಯುವುದೇ ಹೆಚ್ಚು ಜನ ಮಾಡುವ ತಪ್ಪು.

ತಪ್ಪುಗಳಿಗೆ ಒಂದು ಪ್ಯಾರಾ ಮೀಸಲಿಡಿ, ಪ್ರತಿಯೊಂದಕ್ಕೂ ಕಾರಣ ಸಹಿತ. ಭುಜ ಮೇಲೇರಿ ಕುತ್ತಿಗೆಯ ನರ ಉಬ್ಬಿದರೆ ವಪೆಯ ಕೆಲಸವನ್ನು ಕುತ್ತಿಗೆಯ ಸ್ನಾಯು ಮಾಡುತ್ತಿದೆ ಎಂದರ್ಥ. ಕೆಳಗಿನ ಪಕ್ಕೆಲುಬುಗಳ ಮೇಲೆ ಕೈಯಿಟ್ಟು ಅವು ಅಗಲವಾಗುತ್ತಿವೆಯೇ ನೋಡಬೇಕು. ಕೆನ್ನೆ ಒಳಸೇರಿದರೆ ಬಾಯಿಯಿಂದ ಹೀರುತ್ತಿದ್ದಾರೆ, ಎದೆಯಿಂದಲ್ಲ. ಉಸಿರನ್ನು ಪೂರ್ತಿ ಬಿಡದೆ ಅರ್ಧದಿಂದ ಎಳೆದರೆ ಸ್ನಾಯು ತನ್ನ ಪೂರ್ಣ ಉದ್ದದಲ್ಲಿ ದುಡಿಯುವುದಿಲ್ಲ. ತಲೆ ಸುತ್ತಿದರೆ ಕಾರಣ ಆಮ್ಲಜನಕದ ಕೊರತೆಯಲ್ಲ. ಅವಸರದಲ್ಲಿ ಉಸಿರಾಡಿ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದಿರುತ್ತದೆ. ಸಾಧನ ತೆಗೆದು ಸ್ವಲ್ಪ ಹೊತ್ತು ಕೂತು, ಮುಂದೆ ಉಸಿರುಗಳ ನಡುವೆ ಬಿಡುವು ಹೆಚ್ಚಿಸಿದರೆ ಸಾಕು. ಕಠಿಣ ಎರ್ಗ್ ಅಭ್ಯಾಸಕ್ಕೆ ಮುಂಚೆ ಈ 30ನ್ನು ಪೂರ್ಣ ಹೊರೆಯಲ್ಲಿ ಮಾಡಿ ವಪೆಯನ್ನು ದಣಿಸಬಾರದು.

ಪಂದ್ಯದ ದಿನದ ವಾರ್ಮ್‌ಅಪ್ ಬೇರೆಯೇ: ಗರಿಷ್ಠ ಎಳೆತದ 40 ಪ್ರತಿಶತ ಹೊರೆಯಲ್ಲಿ 30 ಉಸಿರಿನ ಎರಡು ಸುತ್ತು, ನಡುವೆ ಸ್ವಲ್ಪ ವಿಶ್ರಾಂತಿ, ಜೊತೆಗೆ ಎಂದಿನ ರೋಯಿಂಗ್ ವಾರ್ಮ್‌ಅಪ್. ನೀವು ಇವೆರಡನ್ನೂ ಕಲಸಿಬಿಟ್ಟಿದ್ದೀರಿ.

ಎಷ್ಟು ಕಾಲ? ಹೆಚ್ಚಿನ ಗಳಿಕೆ ಮೊದಲ ನಾಲ್ಕರಿಂದ ಆರು ವಾರಗಳಲ್ಲೇ ಬರುತ್ತದೆ. ಆಮೇಲೆ ವಾರಕ್ಕೆ ಎರಡು ಮೂರು ದಿನ ಸಾಕು, ಪೂರ್ತಿ ಬಿಟ್ಟರೆ ಕ್ರಮೇಣ ಇಳಿಯುತ್ತದೆ. ಪುಣೆಯವರಿಗೆ ಇದನ್ನು ಊರಿನ ಕಾಲಮಾನಕ್ಕೆ ಹೊಂದಿಸಿ ಹೇಳಿ: ಮಳೆಗಾಲದಲ್ಲಿ ನದಿ ತುಂಬಿ ದೋಣಿ ಇಳಿಸಲಾಗದ ವಾರಗಳೇ ಈ ಮೊದಲ ಹಂತಕ್ಕೆ ಸರಿಯಾದ ಹೊತ್ತು. ಅದೇ ಮಳೆಗಾಲದ ತೇವದಲ್ಲಿ ಸಾಧನದೊಳಗೆ ಬೂಷ್ಟು ಹಿಡಿಯುತ್ತದೆ. ಬಳಸಿದ ಮೇಲೆ ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ತೊಳೆದು, ಚೆನ್ನಾಗಿ ಜಾಲಾಡಿ, ಗಾಳಿಗೆ ಪೂರ್ತಿ ಒಣಗಿಸಬೇಕು, ಒದ್ದೆಯಿರುವಾಗ ಡಬ್ಬಿಗೆ ಹಾಕಬಾರದು. ಹಾಸ್ಟೆಲ್ ಕೋಣೆಯಲ್ಲಿ ನಾಲ್ವರು ಒಂದೇ ಸಾಧನ ಹಂಚಿಕೊಳ್ಳುವುದಂತೂ ಸಲ್ಲ.

ಯಾರು ಮಾಡಬಾರದು ಎಂಬ ಮಾತು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಇದೊಂದೇ ಕಾರಣಕ್ಕೂ ನಾವು ಅದನ್ನು ತಡೆಹಿಡಿಯುತ್ತಿದ್ದೆವು. ಹಿಂದೆ ಎದೆಯೊಳಗೆ ಗಾಳಿ ಸೋರಿ ಶ್ವಾಸಕೋಶ ಕುಸಿದವರು, ಕಿವಿಯ ತಮಟೆ ಹರಿದವರು, ಇತ್ತೀಚೆಗೆ ಎದೆ ಅಥವಾ ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು, ಹತೋಟಿಗೆ ಬಾರದ ಅಸ್ತಮಾ ಇರುವವರು ವೈದ್ಯರ ಒಪ್ಪಿಗೆಯಿಲ್ಲದೆ ಮುಟ್ಟಬಾರದು. ರೋವರ್‌ಗಳಿಗೆ ಪಕ್ಕೆಲುಬಿನಲ್ಲಿ ಒತ್ತಡದ ಸಣ್ಣ ಬಿರುಕು ಬೀಳುವುದು ಹೊಸದಲ್ಲ. ಆಳವಾಗಿ ಉಸಿರೆಳೆದಾಗ ಪಕ್ಕೆಯ ಒಂದೇ ಜಾಗದಲ್ಲಿ ಚುಚ್ಚಿದರೆ ಸಾಧನ ಬದಿಗಿಟ್ಟು ವೈದ್ಯರಿಗೆ ತೋರಿಸಬೇಕು. ನೆಗಡಿ, ಸೈನಸ್ ಕಟ್ಟಿದ ದಿನ ರಜೆ.

ರೋವರ್ ದತ್ತು ಭೋಕನಳ್ ಅವರನ್ನು ನೀವು ಪ್ರಸ್ತಾಪಿಸಿರುವುದು ಚೆನ್ನಾಗಿದೆ. ಪುಣೆಯ ಸೇನಾ ರೋಯಿಂಗ್ ಕೇಂದ್ರದಲ್ಲಿ ಪಳಗಿ 2016ರ ರಿಯೋ ಒಲಿಂಪಿಕ್ಸ್‌ನ ಸಿಂಗಲ್ ಸ್ಕಲ್ಸ್‌ನಲ್ಲಿ 13ನೆಯವರಾದದ್ದು ನಿಜ, ನಮ್ಮ ಓದುಗರು ಹೆಮ್ಮೆಪಡುವ ಸಂಗತಿಯೂ ಹೌದು. ಆದರೆ ಅದರ ಹಿಂದೆ ಉಸಿರಾಟದ ಸಾಧನವಿತ್ತು ಎಂಬ ಸೂಚನೆಗೆ ನೀವು ಯಾವ ಆಧಾರವನ್ನೂ ಕೊಟ್ಟಿಲ್ಲ. ಆಧಾರವಿದ್ದರೆ ಕಳಿಸಿ, ಇಲ್ಲವಾದರೆ ಆ ವಾಕ್ಯ ಹೋಗಬೇಕು. ಒಬ್ಬರ ವರ್ಷಗಳ ದುಡಿಮೆಯನ್ನು ಒಂದು ಪ್ಲಾಸ್ಟಿಕ್ ವಾಲ್ವಿನ ಲೆಕ್ಕಕ್ಕೆ ಬರೆಯುವುದು ಅವರಿಗೆ ಮಾಡುವ ಅನ್ಯಾಯ.

ಉಳಿಸಿಕೊಳ್ಳಬೇಕಾದದ್ದೂ ಇದೆ. ಎರ್ಗ್ ಮೇಲೆ ಕೊನೆಯ ನಿಮಿಷದಲ್ಲಿ ಉಸಿರು ಸ್ಟ್ರೋಕಿನ ಲಯ ತಪ್ಪುವುದನ್ನು ನೀವು ವರ್ಣಿಸಿದ ಆರು ಸಾಲು ಬಹಳ ನಿಖರವಾಗಿವೆ. ಲೇಖನ ಅಲ್ಲಿಂದಲೇ ಆರಂಭವಾಗಲಿ. ಅದರ ಬೆನ್ನಿಗೆ ವಪೆ ಮತ್ತು ಕಾಲಿನ ರಕ್ತದ ವಿವರ, ನಂತರ ವಿಧಾನ, ಕೊನೆಗೆ ಅಂಕಿಗಳು. ಹದಿನೈದು ನೂರು ಪದಗಳೊಳಗೆ ಬರೆದು, ಭಂಗಿಗಳ ರೇಖಾಚಿತ್ರದ ಜೊತೆ ಕಳಿಸಿ. ವಿಧಾನದ ಭಾಗವನ್ನು ಕಳಿಸುವ ಮುನ್ನ ಒಬ್ಬ ಫಿಸಿಯೋಥೆರಪಿಸ್ಟ್ ಮತ್ತು ನಿಮ್ಮ ಕೋಚ್ ಇಬ್ಬರಿಗೂ ತೋರಿಸಿ, ಅವರು ಗುರುತು ಹಾಕಿದ ಪ್ರತಿಯನ್ನೂ ಲಗತ್ತಿಸಿ.

ವಿಶ್ವಾಸದಿಂದ,
ಸಂಪಾದಕರು